ನಿವಾಸಿಗಳ ಸಂಘಕ್ಕೆ ಪಕ್ಷದ ಶಾಲು ಬೇಡ

ಸಂಪಾದಕರಿಗೆ ನಮಸ್ಕಾರ.

ಬಳ್ಳಾರಿಯ ಸರ್ಕಾರಿ ವಸತಿ ಕಾಲೊನಿಗಳಲ್ಲಿ ನಿವಾಸಿಗಳ ಸಂಘ ಕಟ್ಟುವುದು ಕಷ್ಟವೇನಲ್ಲ. ಅದನ್ನು ಒಂದು ಚುನಾವಣೆ ದಾಟಿಸುವುದೇ ಕಷ್ಟ. ನಮ್ಮ ಕಾಲೊನಿಯಲ್ಲಿ ಆಗಿದ್ದೂ ಅದೇ. ಮೂರು ಅಂತಸ್ತಿನ ಬ್ಲಾಕುಗಳು, ಕೆಳಗೆ ಒಂದು ಸಂಪು, ಮೇಲೆ ಟ್ಯಾಂಕು, ನಲ್ಲಿಯಲ್ಲಿ ನೀರು ಬರುವುದು ವಾರಕ್ಕೋ ಹತ್ತು ದಿನಕ್ಕೋ ಒಮ್ಮೆ. ಮೋಟರಿನ ಕರೆಂಟ್ ಬಿಲ್ ಯಾರು ಕಟ್ಟಬೇಕು, ಯುಜಿಡಿ (ಒಳಚರಂಡಿ) ಕಟ್ಟಿಕೊಂಡರೆ ಯಾರನ್ನು ಕರೆಯಬೇಕು, ಹಕ್ಕುಪತ್ರ ಯಾವಾಗ ಕೊಡುತ್ತಾರೆ ಅಂತ ಕೇಳಲು ಸಂಘ ಹುಟ್ಟಿತು. ಮನೆಯಲ್ಲೇ ಜೀನ್ಸ್ ಹೊಲಿಯುವ ಅಕ್ಕಂದಿರು, ಆಟೊದವರು, ಹಮಾಲರು ಎಲ್ಲರೂ ತಿಂಗಳಿಗೆ ಇಷ್ಟು ಅಂತ ದುಡ್ಡು ಕೊಟ್ಟರು. ಆಮೇಲೆ ಪಾಲಿಕೆ ಚುನಾವಣೆ ಬಂತು. ಅಧ್ಯಕ್ಷರು ಒಂದು ಪಕ್ಷದ ಶಾಲು ಹೊದ್ದುಕೊಂಡರು, ಕಾರ್ಯದರ್ಶಿ ಇನ್ನೊಂದರದ್ದು. ಈಗ ಎರಡು ಸಂಘ, ಎರಡು ಲೆಟರ್‌ಹೆಡ್, ಗಣೇಶನೂ ಎರಡು. ಮೋಟರ್ ಮಾತ್ರ ಒಂದೇ. ಅದು ಕೆಟ್ಟರೆ ಎರಡೂ ಪಕ್ಷದವರು ಕೊಡ ಹೊತ್ತು ಮೆಟ್ಟಿಲು ಹತ್ತುತ್ತಾರೆ.

ಇದಕ್ಕೆ ನಮ್ಮ ಜನರನ್ನಷ್ಟೇ ಬೈದರೆ ಆಗದು. ಏರ್ಪಾಡೇ ಹಾಗಿದೆ. ನಗರಗಳಲ್ಲಿ ಮನೆ ಯಾರಿಗೆ ಅಂತ ಆರಿಸುವ ಆಶ್ರಯ ಸಮಿತಿಗೆ ಶಾಸಕರೇ ಅಧ್ಯಕ್ಷರು. ಪಟ್ಟಿ ಅವರ ಕೈಲಿ, ಹಕ್ಕುಪತ್ರ ಹಂಚುವ ವೇದಿಕೆಯ ಮೇಲೂ ಅವರೇ. ಹಾಗಿದ್ದಾಗ ಮನೆ ಸಿಕ್ಕವರ ಬಾಯಲ್ಲಿ 'ಅಣ್ಣ ಕೊಡಿಸಿದ ಮನೆ' ಅನ್ನುವ ಮಾತು ಬರದೆ ಇನ್ನೇನು ಬಂದೀತು? ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ಹೀಗೆ ಕಟ್ಟುವ ಫ್ಲಾಟಿಗೆ ಕೇಂದ್ರ ಒಂದೂವರೆ ಲಕ್ಷ ಕೊಡುತ್ತದೆ, ರಾಜ್ಯ ತನ್ನ ಪಾಲು ಹಾಕುತ್ತದೆ, ಮಿಕ್ಕಿದ್ದರಲ್ಲಿ ನಮ್ಮ ವಂತಿಗೆಯೂ ಇದೆ. ಬ್ಯಾನರಿನಲ್ಲಿ ಎರಡೂ ಕಡೆಯವರ ಫೋಟೊ ಇರುತ್ತದೆ, ಸಾಲ ಮಾಡಿ ವಂತಿಗೆ ಕಟ್ಟಿದವಳ ಫೋಟೊ ಇರುವುದಿಲ್ಲ, ಅದು ಬೇರೆ ಮಾತು.

ಬಾಡಿಗೆ ಕೊಟ್ಟು ಸರ್ಕಾರದ ಕ್ವಾರ್ಟರ್ಸಿನಲ್ಲಿ ಇರುವವರ ಪಾಡು ಇನ್ನೂ ನಾಜೂಕು. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಸರ್ಕಾರದ ಕಟ್ಟಡಗಳಿಗೆ ಅನ್ವಯಿಸುವುದಿಲ್ಲ. ಖಾಸಗಿ ಮಾಲೀಕನ ಎದುರು ಬಾಡಿಗೆದಾರನಿಗೆ ಇರುವ ರಕ್ಷಣೆ ಇಲ್ಲಿಲ್ಲ. 'ಅನಧಿಕೃತ' ಅಂತ ಹೆಸರಿಟ್ಟರೆ ಸಾಕು, ಸಾರ್ವಜನಿಕ ಕಟ್ಟಡಗಳಿಂದ ತೆರವು ಮಾಡಿಸುವ 1974ರ ಕಾಯ್ದೆಯಡಿ ನೋಟಿಸು ಬರುತ್ತದೆ. ಕೋರ್ಟಿಗೆ ಹೋಗಲು ದುಡ್ಡಿಲ್ಲದವರಿಗೆ ಒಗ್ಗಟ್ಟು ಬಿಟ್ಟರೆ ಏನಿದೆ ಹೇಳಿ. ಅದನ್ನೂ ಎರಡು ಪಕ್ಷಗಳಿಗೆ ಹಂಚಿಬಿಟ್ಟರೆ ಮುಗೀತಲ್ವಾ?

ಬೇರೆ ಕಡೆ ಏನಾಗಿದೆ ನೋಡಿ. ಮೊದಲ ಮಹಾಯುದ್ಧದ ಕಾಲದಲ್ಲಿ, 1915ರಲ್ಲಿ, ಸ್ಕಾಟ್ಲೆಂಡಿನ ಗ್ಲಾಸ್ಗೋ ಊರಿಗೆ ಹಡಗು ಕಟ್ಟುವ, ಮದ್ದುಗುಂಡು ಮಾಡುವ ಕೆಲಸಕ್ಕೆ ಜನ ಬಂದು ತುಂಬಿದರು. ಮಾಲೀಕರು ಬಾಡಿಗೆ ಏರಿಸಿದರು. ಗೋವನ್ ಭಾಗದ ಹೆಂಗಸರು ಮೇರಿ ಬಾರ್ಬರ್ ಎಂಬಾಕೆಯ ಜೊತೆ ಸೇರಿ, ಏರಿಸಿದ ಬಾಡಿಗೆ ಕೊಡುವುದಿಲ್ಲ ಅಂತ ಕೂತರು. ನವೆಂಬರ್ ಹೊತ್ತಿಗೆ ಸುಮಾರು 20 ಸಾವಿರ ಮನೆಗಳು ಸೇರಿದ್ದವು. ಮನೆ ಖಾಲಿ ಮಾಡಿಸಲು ಆಳುಗಳು ಬಂದರೆ ಗಂಟೆ ಬಾರಿಸಿ ಬೀದಿಯ ಹೆಂಗಸರೆಲ್ಲ ಮುತ್ತಿಗೆ ಹಾಕುತ್ತಿದ್ದರು, ಮೈಮೇಲೆ ಹಿಟ್ಟು ಎರಚುತ್ತಿದ್ದರು. ಡಿಸೆಂಬರಿನಲ್ಲಿ ಬ್ರಿಟನ್ ಪಾರ್ಲಿಮೆಂಟು ಬಾಡಿಗೆಯನ್ನು ಯುದ್ಧದ ಮುಂಚಿನ ಮಟ್ಟಕ್ಕೆ ನಿಲ್ಲಿಸುವ ಕಾಯ್ದೆ ಮಾಡಿತು. ಮೇರಿ ಬಾರ್ಬರ್ ಪಕ್ಷ ಇಲ್ಲದವರಲ್ಲ, ಇಂಡಿಪೆಂಡೆಂಟ್ ಲೇಬರ್ ಪಾರ್ಟಿಯವರು, 1920ರಲ್ಲಿ ನಗರಸಭೆಗೂ ಗೆದ್ದರು. ಆದರೆ ಕಿಟಕಿಗಳಿಗೆ ಅಂಟಿಸಿದ್ದ ಚೀಟಿಯಲ್ಲಿ ಇದ್ದದ್ದು ಬಾಡಿಗೆಯ ಮಾತು, ಮನೆ ಬಿಡುವುದಿಲ್ಲ ಅನ್ನುವ ಮಾತು. ಹಾಗಾಗಿಯೇ ಯಾರ ಮನೆಯವರು ಬೇಕಾದರೂ ಅದನ್ನು ಅಂಟಿಸಬಹುದಿತ್ತು.

ನನಗೆ ಇದಕ್ಕಿಂತ ಜಾಸ್ತಿ ಹತ್ತಿರ ಅನಿಸುವುದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್. 2002ರಲ್ಲಿ ಅಲ್ಲಿನ ನಗರಸಭೆ ತನ್ನ 80 ಸಾವಿರಕ್ಕೂ ಹೆಚ್ಚು ಬಾಡಿಗೆ ಮನೆಗಳನ್ನು ಬೇರೆ ವಸತಿ ಸಂಸ್ಥೆಗಳಿಗೆ ವಹಿಸಲು ಹೊರಟಿತು. ದೇಶ ಆಳುತ್ತಿದ್ದದ್ದು ಲೇಬರ್ ಪಕ್ಷ, ನಗರಸಭೆಯೂ ಅದರದ್ದೇ. ಬಡವರ ಪಕ್ಷ ಅಂತಲೇ ಹೆಸರಾದದ್ದು. ಬಾಡಿಗೆದಾರರ ಮತ ಕೇಳಿದಾಗ ಸುಮಾರು ಮೂರರಲ್ಲಿ ಎರಡು ಪಾಲು ಜನ ಬೇಡ ಅಂದರು. ಅವರ ಸಂಘಗಳು ಸುಮ್ನೆ ಪಕ್ಷದ ಹಿಂದೆ ಹೋಗಿದ್ದರೆ 'ಬೇಡ' ಅನ್ನಲು ಬಾಯಿ ಎಲ್ಲಿರುತ್ತಿತ್ತು? ನಮಗೆ ವಿರೋಧಿ ಪಕ್ಷದ ತಪ್ಪು ಬೇಗ ಕಾಣುತ್ತದೆ. ನಮ್ಮ ಪಕ್ಷದವರೇ ಅಧಿಕಾರದಲ್ಲಿದ್ದು ನೀರಿನ ದರ ಏರಿಸಿದಾಗ ಬಾಯಿ ಕಟ್ಟುತ್ತದೆ.

ಅಷ್ಟು ದೂರ ಯಾಕೆ, ರಾಯಚೂರಿಗೆ ಏಮ್ಸ್ ಆಸ್ಪತ್ರೆ ಬೇಕು ಅನ್ನುವ ಹೋರಾಟ ಇಲ್ಲವೇ? 2022ರ ಮೇ ತಿಂಗಳಲ್ಲಿ ಕೂತ ಧರಣಿ ಸಾವಿರ ದಿನ ದಾಟಿತು. ನಡುವೆ 2023ರಲ್ಲಿ ರಾಜ್ಯದ ಸರ್ಕಾರವೇ ಬದಲಾಯಿತು, ಧರಣಿ ಏಳಲಿಲ್ಲ. ಯಾವುದೋ ಪಕ್ಷದ ಘಟಕ ನಡೆಸಿದ್ದರೆ ಫಲಿತಾಂಶದ ಮಾರನೇ ದಿನ ಶಾಮಿಯಾನ ಬಿಚ್ಚುತ್ತಿದ್ದರು ಅಂತ ನನ್ನ ಅನಿಸಿಕೆ.

'ಪಕ್ಷದವರಿಲ್ಲದೆ ಕೆಲಸ ಆಗಲ್ಲಪ್ಪ' ಅಂತ ನಮ್ಮ ಕಾಲೊನಿಯ ಹಿರಿಯರು ಹೇಳುತ್ತಾರೆ. ಪೂರ್ತಿ ಸುಳ್ಳಲ್ಲ. ಕೊಳಗೇರಿ ಜನರ ಪರ ದಲಿತ ಸಂಘಟನೆಗಳು, ಎಡಪಕ್ಷಗಳ ಕಾರ್ಮಿಕ ಸಂಘಗಳು ಬೀದಿಗಿಳಿದದ್ದನ್ನು ಮರೆಯುವ ಹಾಗಿಲ್ಲ. ಶಾಸಕರ ಮನೆಗೂ ಹೋಗೋಣ, ಕಾರ್ಪೊರೇಟರನ್ನೂ ಕರೆಯೋಣ, ಆದರೆ ಅರ್ಜಿ ಹಿಡಿದು ಹೋಗೋಣ, ಹಾರ ಹಿಡಿದು ಬೇಡ. ಸದಸ್ಯರು ಯಾವ ಪಕ್ಷಕ್ಕಾದರೂ ಮತ ಹಾಕಲಿ, ಪ್ರಚಾರವನ್ನೂ ಮಾಡಲಿ. ಪಕ್ಷದಲ್ಲಿ ಹುದ್ದೆ ಇರುವವರು ಸಂಘದ ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಆಗಬಾರದು, ಚುನಾವಣೆಗೆ ನಿಲ್ಲುವವರು ಮೊದಲೇ ರಾಜೀನಾಮೆ ಕೊಡಬೇಕು, ಇಷ್ಟೇ.

ಎಲ್ಲಕ್ಕಿಂತ ದುಡ್ಡಿನ ವಿಷಯ ಮುಖ್ಯ. ಹಬ್ಬದ ಮೈಕ್ ಸೆಟ್ಟು, ಊಟ, ಕುರ್ಚಿ ಯಾರೋ ಕಳಿಸಿದರು ಅಂದರೆ ಮುಂದಿನ ಸಭೆಯಲ್ಲಿ ಅವರ ವಿರುದ್ಧ ಮಾತು ಏಳುವುದಿಲ್ಲ. ಮನೆಗೆ ತಿಂಗಳಿಗೆ ಇಪ್ಪತ್ತು ರೂಪಾಯಿಯಲ್ಲೇ ಸಂಘ ನಡೆಯಲಿ, ಲೆಕ್ಕ ಮೆಟ್ಟಿಲ ಹತ್ತಿರ ಗೋಡೆಗೆ ಅಂಟಿಸಲಿ. 1960ರ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸಲು ಏಳು ಜನ ಸಾಕು. ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕಟ್ಟಿ ನಿರ್ವಹಣೆ ಹಣ ಎಲ್ಲಿ ಹೋಯಿತು ಅಂತ ಕೇಳಲು ಯಾರ ಶಿಫಾರಸೂ ಬೇಕಿಲ್ಲ.

ನಮ್ಮಲ್ಲಿ ಎರಡೂ ಸಂಘದ ಕೆಲವರು ಸೇರಿ ಇಂಥ ಬೈಲಾ ಬರೆಯಲು ಕೂತಿದ್ದೇವೆ. ಕೊಪ್ಪಳ, ಗಂಗಾವತಿ, ಸಿಂಧನೂರು, ರಾಯಚೂರಿನ ಕಾಲೊನಿಗಳಲ್ಲಿ ಯಾರಾದರೂ ಈಗಾಗಲೇ ಹೀಗೆ ಸಂಘ ನಡೆಸುತ್ತಿದ್ದರೆ ದಯವಿಟ್ಟು ಈ ಅಂಕಣಕ್ಕೆ ಬರೆಯಿರಿ. ಮುಖ್ಯವಾಗಿ, ಚುನಾವಣೆ ಸಮಯದಲ್ಲಿ ಸಭೆ ನಡೆಸಿದಿರೋ ಅಥವಾ ನಿಲ್ಲಿಸಿದಿರೋ ಅನ್ನುವುದನ್ನು ತಿಳಿಸಿ, ನಮ್ಮಲ್ಲಿ ಜಗಳ ನಿಂತಿರುವುದು ಅದೊಂದರ ಮೇಲೆಯೇ.

— ಒಬ್ಬ ನಿವಾಸಿ, ಬಳ್ಳಾರಿ