ಆ ಸುಗ್ಗಿ ಹಬ್ಬದ ಲೆಕ್ಕ

ಬೆಟಗೇರಿ
ಮಂಗಳವಾರ, ಬೆಳಗಿನ ಜಾವ

ಪ್ರೀತಿಯ ಮಗಳಿಗೆ,

ನೀನು ಆಸ್ಪತ್ರೆಯ ನರ್ಸ್ ಕೆಲಸ ಬಿಟ್ಟು ಬಂದದ್ದರ ಕುರಿತು ಶನಿವಾರ ರಾತ್ರಿ ನಮ್ಮ ನಡುವೆ ನಡೆದ ಮಾತುಗಳನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ಅವು ನಿನಗೂ ನೆನಪಿವೆ, ನನಗೂ ನೆನಪಿವೆ, ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನಿನ್ನ ಅವ್ವನಿಗಂತೂ ಅಕ್ಷರಕ್ಷರ ನೆನಪಿವೆ. ನೀನು ಉಣ್ಣದೆ ಹುಬ್ಬಳ್ಳಿಯ ಬಸ್ಸು ಹತ್ತಿದೆ. ಆಕೆ ಕಟ್ಟಿದ ಬುತ್ತಿ ಮೇಜಿನ ಮೇಲೆಯೇ ಉಳಿಯಿತು. ಅಂದಿನಿಂದ ಎರಡು ಮೂರು ಸಲ ಫೋನ್ ಕೈಗೆತ್ತಿಕೊಂಡು ಕೆಳಗಿಟ್ಟಿದ್ದೇನೆ. ಮೂವತ್ತೊಂದು ವರ್ಷ ಮಕ್ಕಳಿಗೆ ಕನ್ನಡ ಕಲಿಸಿದವನಿಗೆ ಬರೆಯುವುದೇ ಸುಲಭವಾದೀತು ಎಂದುಕೊಂಡು ಕುಳಿತರೆ, ಇದು ಮೂರನೆಯ ಹಾಳೆ.

ಬಾಗಿಲು ದಾಟುವಾಗ ನೀನು ಕೇಳಿದ ಒಂದೇ ಒಂದು ಪ್ರಶ್ನೆಗೆ ಉತ್ತರ ಬರೆಯಬೇಕಾಗಿದೆ. "ಅಪ್ಪಾ, ಆ ಸುಗ್ಗಿ ಹಬ್ಬದ ಲೆಕ್ಕಾ ನೆನಪೈತೇನು?" ಎಂದೆ. ಯಾವ ಲೆಕ್ಕ ಎಂದು ನಾನು ಕೇಳಲಿಲ್ಲ. ಕೇಳಲಿಲ್ಲವೆಂಬುದರಿಂದಲೇ ನಿನಗೆ ಉತ್ತರ ಸಿಕ್ಕಿರಬೇಕು.

ನೆನಪಿದೆ. ಆಗ ನಿನಗೆ ಹತ್ತು ವರ್ಷ. ಆರಾಧನೆ ಮುಗಿದ ಮೇಲೆ ನಮ್ಮ ಕ್ರೈಸ್ತ ಸಭೆಯ ದೇವಾಲಯದ ಅಂಗಳದಲ್ಲಿ ಕಾಣಿಕೆಗಳ ಸವಾಲು, ಅಂದರೆ ಹರಾಜು, ನಡೆದಿತ್ತು. ಜೋಳದ ತೆನೆ, ಕುಸುಬೆ, ಮೆಣಸಿನಕಾಯಿಯ ಚೀಲ, ಬದನೆ, ಕುಂಬಳ, ಕಾಲು ಕಟ್ಟಿದ ಎರಡು ಹುಂಜಗಳು ಇದ್ದವು. ಒಂದೇ ಕುಂಬಳಕಾಯಿಯನ್ನು ಒಬ್ಬರು ಸವಾಲಿನಲ್ಲಿ ಹಿಡಿದು ಮತ್ತೆ ದೇವರಿಗೇ ಕೊಡುವುದು, ಅದನ್ನು ಮತ್ತೊಬ್ಬರು ಹಿಡಿಯುವುದು, ಹೀಗೆ ಮೂರು ಸಲ ಕೈ ಬದಲಿಸಿದಾಗ ನೀನು ಚಪ್ಪಾಳೆ ತಟ್ಟಿದ್ದೆ. ನಾನು ಆ ವರ್ಷ ಸಭೆಯ ಖಜಾಂಚಿ. ರಾತ್ರಿ ಮನೆಯಲ್ಲಿ ಕುಳಿತು ಲೆಕ್ಕ ಬರೆಯುವಾಗ ನೀನು ಪಕ್ಕದಲ್ಲಿ ಕುಳಿತು ಚೀಟಿಗಳನ್ನು ಒಂದೊಂದಾಗಿ ಓದಿ ಹೇಳುತ್ತಿದ್ದೆ. ಎಷ್ಟು ಸಲ ಕೂಡಿಸಿದರೂ ಹಣ 240 ರೂಪಾಯಿ ಕಡಿಮೆ ಬರುತ್ತಿತ್ತು. ಯಾರ ಬಾಕಿ ಉಳಿದಿತ್ತೋ, ನಾನೇ ಎಲ್ಲಿ ತಪ್ಪಿದ್ದೆನೋ, ಇಂದಿಗೂ ತಿಳಿಯದು. ಆಗ ನಾನು ಶಾಮಿಯಾನದ ಬಾಡಿಗೆ 600 ಎಂದಿದ್ದ ಕಡೆ 840 ಎಂದು ಬರೆದೆ. ಲೆಕ್ಕ ಸರಿಹೋಯಿತು. ನೀನು, "ಅಪ್ಪಾ, ಶಾಮಿಯಾನಾ ಆರನೂರು" ಎಂದೆ. "ನಿನಗೇನು ತಿಳೀತೈತಿ, ಹೋಗಿ ಮಲ್ಕೋ" ಎಂದೆ ನಾನು.

ಇಷ್ಟೇ ಆಗಿದ್ದರೆ ನಾನೂ ಮರೆಯುತ್ತಿದ್ದೆನೇನೋ. ಮರುದಿನ ಬೆಳಿಗ್ಗೆ ಕುಟುಂಬ ಪ್ರಾರ್ಥನೆಯಲ್ಲಿ ಓದುವ ಸರದಿ ನಿನ್ನದು. ಬೈಬಲಿನ ಜ್ಞಾನೋಕ್ತಿಗಳ ಮೊದಲನೆಯ ಅಧ್ಯಾಯ. ಏಳನೆಯ ವಚನದಲ್ಲಿ "ಯೆಹೋವನ ಭಯವೇ ತಿಳುವಳಿಕೆಗೆ ಮೂಲ" ಎಂದು ಓದಿ ನೀನು ನಿಂತುಬಿಟ್ಟೆ, ತಲೆಯೆತ್ತಿ ನನ್ನನ್ನು ನೋಡಿದೆ. ನಿನಗೆ ಸಾಲು ತಪ್ಪಿತೆಂದುಕೊಂಡವನಂತೆ ನಟಿಸಿ ನಾನು, "ಮುಂದೆ ಓದು" ಎಂದೆ. ನೀನು ಮುಂದೆ ಓದಿದೆ. ಈ ಮೂರು ರಾತ್ರಿ ನನಗೆ ಕೇಳಿಸುತ್ತಿರುವುದು ಆ ಎರಡು ಪದಗಳೇ. 240 ರೂಪಾಯಿಗಿಂತ ಅವು ದೊಡ್ಡ ತಪ್ಪು ಎಂದು ಈಗ ಅನ್ನಿಸುತ್ತದೆ, ಏಕೆಂದರೆ ವಾಕ್ಯವೇ ಬಂದು ಮನೆಯ ನಡುವೆ ನಿಂತಾಗ ಅದನ್ನು ದಾಟಿ ಹೋಗುವುದು ಹೇಗೆಂದು ನಾನು ನಿನಗೆ ಕಲಿಸಿಕೊಟ್ಟೆ.

ನಾನು ಯಾರಿಗೆ ಹೆದರಿದ್ದೆ ಎಂಬುದನ್ನು ಹೇಳುತ್ತೇನೆ. 1841ರಲ್ಲಿ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್‌ನವರು ಬೆಟಗೇರಿಯಲ್ಲಿ ಕೆಲಸ ಆರಂಭಿಸಿದ ಮೇಲೆ ವಿಶ್ವಾಸಕ್ಕೆ ಬಂದ ನೇಕಾರರ ಮನೆತನ ನಮ್ಮದು ಎಂದು ನನ್ನ ಅಜ್ಜ ಹೇಳುತ್ತಿದ್ದ ಹೆಮ್ಮೆ ನನ್ನಲ್ಲಿ ಚಿಕ್ಕಂದಿನಿಂದ ಬೆಳೆದಿತ್ತು. ಮಾಸ್ತರರ ಮನೆ, ಹಿರಿಯರ ಮನೆ, ಲೆಕ್ಕ ತಪ್ಪದ ಮನೆ ಎಂಬ ಹೆಸರು ನನಗೆ ಬೇಕಾಗಿತ್ತು. ಹಣ ಕಡಿಮೆ ಬಿದ್ದಿದೆ ಎಂದು ಸಮಿತಿಯ ಮುಂದೆ ಎದ್ದು ನಿಂತು ಹೇಳುವ ಆ ಅರ್ಧ ನಿಮಿಷಕ್ಕೆ ನಾನು ಹೆದರಿದೆ. ಕಿಸೆಯಿಂದ ತುಂಬಬಹುದಿತ್ತು, ತಿಂಗಳ ಕೊನೆಯಾದರೂ ಯಾರಲ್ಲಾದರೂ ಕೇಳಬಹುದಿತ್ತು. ಆದರೆ ಕೇಳಿದರೂ ಒಬ್ಬರಿಗೆ ತಿಳಿಯುತ್ತಿತ್ತಲ್ಲ. ಮನುಷ್ಯರ ಭಯ ಉರುಲು ಎಂದು ಅದೇ ಜ್ಞಾನೋಕ್ತಿಗಳ 29ನೆಯ ಅಧ್ಯಾಯ ಹೇಳುತ್ತದೆ. ಆ ಉರುಲಿನಲ್ಲಿ ಕತ್ತು ಇಟ್ಟುಕೊಂಡೇ ನಾನು ಇಷ್ಟು ವರ್ಷ ದೇವರ ಭಯದ ಕುರಿತು ಭಾನುವಾರದ ಶಾಲೆಯಲ್ಲಿ ಪಾಠ ಹೇಳಿದೆ.

ಇನ್ನೂ ಒಂದು ತಪ್ಪಿದೆ. ದೇವರ ಭಯ ಎಂದರೆ ಏನೆಂದು ನೀನು ಕೇಳಿದಾಗಲೆಲ್ಲ ನಾನು, "ಆತ ಎಲ್ಲವನ್ನೂ ನೋಡುತ್ತಾನೆ" ಎಂದಷ್ಟೇ ಹೇಳಿದೆ. ಸಕ್ಕರೆ ಡಬ್ಬಿಯ ಬಳಿ ನಿಂತ ಮಗುವಿಗೂ ಅದನ್ನೇ ಹೇಳಿದೆ, ಪರೀಕ್ಷೆಗೆ ಹೊರಟ ಹುಡುಗಿಗೂ ಅದನ್ನೇ ಹೇಳಿದೆ. ದೇವರನ್ನು ನಾನು ನಮ್ಮ ಮನೆಯ ಕಾವಲುಗಾರನನ್ನಾಗಿ ಮಾಡಿದೆ. ಸೀನಾಯಿ ಬೆಟ್ಟದ ಕೆಳಗೆ ಗುಡುಗು ಮಿಂಚಿಗೆ ನಡುಗಿ ದೂರ ನಿಂತ ಜನರಿಗೆ ಮೋಶೆ ಹೇಳಿದ ಮಾತನ್ನು, ವಿಮೋಚನಕಾಂಡದ 20ನೆಯ ಅಧ್ಯಾಯದ 20ನೆಯ ವಚನವನ್ನು, ನಿನ್ನೆ ಮತ್ತೆ ತೆಗೆದು ಓದಿದೆ. ಹೆದರಬೇಡಿರಿ ಎನ್ನುತ್ತಾನೆ, ಅದೇ ಉಸಿರಿನಲ್ಲಿ, ನೀವು ಪಾಪಮಾಡದಂತೆ ಆತನ ಭಯವು ನಿಮ್ಮಲ್ಲಿರಬೇಕೆಂದೇ ದೇವರು ಬಂದಿದ್ದಾನೆ ಎನ್ನುತ್ತಾನೆ. ಎರಡೂ ಕಡೆ ಹೀಬ್ರೂ ಭಾಷೆಯಲ್ಲಿರುವುದು ಒಂದೇ ಧಾತು. ಒಂದು ಭಯ ಜನರನ್ನು ಬೆಟ್ಟದಿಂದ ಓಡಿಸುತ್ತದೆ, ಇನ್ನೊಂದು ಭಯ ಅವರನ್ನು ಬೆಟ್ಟದ ಬಳಿ ನಿಲ್ಲಿಸುತ್ತದೆ. ನಮ್ಮ ಕನ್ನಡದ ಹಿರಿಯರು ಭಯಭಕ್ತಿ ಎಂದು ಎರಡನ್ನೂ ಸೇರಿಸಿಯೇ ನುಡಿದರು. ನಾನು ಮಾಸ್ತರನಾಗಿದ್ದೂ ಆ ಸಮಾಸವನ್ನು ಒಡೆದು ಅರ್ಧವನ್ನು ಮಾತ್ರ ನಿನ್ನ ಕೈಗೆ ಕೊಟ್ಟೆ. ಪೂರ್ಣ ಪ್ರೀತಿ ಭಯವನ್ನು ಹೊರಡಿಸಿಬಿಡುತ್ತದೆ ಎಂದು ಯೋಹಾನನು ಬರೆದದ್ದು ಯಾವ ಭಯದ ಕುರಿತು ಎಂಬುದೂ ಅಲ್ಲಿಯೇ ಇದೆ: ದಂಡನೆಯನ್ನು ಎದುರುನೋಡುವ ಭಯದ ಕುರಿತು.

ಹಾಗಾದರೆ ಉಳಿಯುವ ಭಯ ಯಾವುದು? ನಿನಗೆ ನೆನಪಿರಬಹುದು, ಕಪ್ಪತಗುಡ್ಡಕ್ಕೆ ಶಾಲೆಯ ಮಕ್ಕಳೊಂದಿಗೆ ನಿನ್ನನ್ನೂ ಕರೆದುಕೊಂಡು ಹೋಗಿದ್ದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಲ್ಲಿ ಚಿನ್ನಕ್ಕಾಗಿ ಗಣಿ ತೋಡಿದ್ದರು ಎಂದು ಹೇಳಿ ನಾನು ಬೈಬಲಿನ ಯೋಬನ ಪುಸ್ತಕದ 28ನೆಯ ಅಧ್ಯಾಯವನ್ನು ನೆನಪಿಸಿದ್ದೆ. ಮನುಷ್ಯನು ಕತ್ತಲೆಯನ್ನು ಕೊನೆಗಾಣಿಸುತ್ತಾನೆ, ಜನಸಂಚಾರವಿಲ್ಲದ ಕಡೆ ಹಗ್ಗಕ್ಕೆ ಜೋತಾಡುತ್ತಾ ಬೆಳ್ಳಿ ಬಂಗಾರ ಹುಡುಕುತ್ತಾನೆ, ಹದ್ದಿನ ಕಣ್ಣಿಗೂ ಬೀಳದ ದಾರಿ ಅವನಿಗೆ ಸಿಗುತ್ತದೆ. ಆದರೆ ಜ್ಞಾನ ಎಲ್ಲಿದೆ ಎಂದರೆ, ನನ್ನಲ್ಲಿ ಇಲ್ಲ ಎಂದು ಭೂಮಿಯ ಆಳವೂ ಹೇಳುತ್ತದೆ, ಸಮುದ್ರವೂ ಹೇಳುತ್ತದೆ. ಅಧ್ಯಾಯದ ಕೊನೆಗೆ ಬರುವ ಉತ್ತರ ಎರಡು ತುಂಡಿನದು: ಕರ್ತನ ಭಯವೇ ಜ್ಞಾನ, ಕೆಟ್ಟದ್ದನ್ನು ಬಿಡುವುದೇ ವಿವೇಕ. ಅಂದು ನಾನು ಮೊದಲ ತುಂಡನ್ನು ವಿವರಿಸಿ ಎರಡನೆಯದನ್ನು ಬಿಟ್ಟಿದ್ದೆ. ಕೆಟ್ಟದ್ದರಿಂದ ಕೈ ಹಿಂದೆಗೆಯದವನಿಗೆ ಬುದ್ಧಿ ಇರಬಹುದು, ಜ್ಞಾನ ಇರದು. ಶಾಮಿಯಾನದ ಬಾಡಿಗೆಯನ್ನು ಏರಿಸಲು ಬುದ್ಧಿ ಬೇಕಾಗಿತ್ತು. ಬಾಡಿಗೆ ಎಷ್ಟೆಂದು ಯಾರೂ ನೆನಪಿಡುವುದಿಲ್ಲ ಎಂಬ ಎಣಿಕೆ ನನಗಿತ್ತು. ಜ್ಞಾನ ಇದ್ದದ್ದು ಚೀಟಿ ಹಿಡಿದು ಕುಳಿತಿದ್ದ ಹತ್ತು ವರ್ಷದವಳಲ್ಲಿ.

ಜ್ಞಾನೋಕ್ತಿಗಳ ಆ ವಚನದಲ್ಲಿ ಮೂಲ ಎಂದು ನಾವು ಓದುವ ಪದ ಹೀಬ್ರೂ ಭಾಷೆಯಲ್ಲಿ ರೇಶೀತ್. ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡದ ಮೊದಲ ಪದದಲ್ಲಿಯೂ ಅದೇ ಇದೆ. ಹೊಲದ ಪ್ರಥಮಫಲವನ್ನು ದೇವರ ಆಲಯಕ್ಕೆ ತರಬೇಕೆಂದು ಹೇಳುವ ಕಡೆಯೂ ಅದೇ ಪದ ಬರುತ್ತದೆ. ಇದನ್ನು ಬಹಳ ಹಿಂದೆ ಒಂದು ಬೈಬಲ್ ತರಗತಿಯಲ್ಲಿ ಕೇಳಿ ಬರೆದಿಟ್ಟುಕೊಂಡಿದ್ದೆ, ನಿನ್ನೆಯವರೆಗೆ ಅದು ನನಗೆ ಬರಿಯ ಪದವಿವರಣೆಯಾಗಿತ್ತು. ನಮ್ಮ ಒಕ್ಕಲಿಗ ಸಹೋದರರು ತೆನೆಯ ಮೊದಲ ಸೂಡನ್ನು ತಂದು ವೇದಿಕೆಯ ಬಳಿ ಇಡುವಾಗ ಉಳಿದ ಬೆಳೆ ಇನ್ನೂ ಹೊಲದಲ್ಲಿಯೇ ಇರುತ್ತದೆ. ಮಳೆ ಬಂದು ಅದು ನೆಲ ಕಚ್ಚಬಹುದು, ಧಾರಣೆ ಬೀಳಬಹುದು. ಮಿಕ್ಕದ್ದು ಕೈಗೆ ಬಂದ ಮೇಲೆ ಕೊಟ್ಟರೆ ಅದು ಪ್ರಥಮಫಲವಾಗುವುದಿಲ್ಲ. ದೇವರ ಭಯವೂ ಹಾಗೆಯೇ ಇರಬೇಕು: ಏನಾಗುತ್ತದೆಂದು ತಿಳಿಯುವ ಮೊದಲೇ ಆತನಿಗೆ ಸಲ್ಲುವುದನ್ನು ತೆಗೆದಿಡುವುದು. ನಾನು ಹಬ್ಬದ ದಿನ ಇಡೀ ಸಭೆಯ ಪ್ರಥಮಫಲವನ್ನು ಎಣಿಸುತ್ತಾ ಕುಳಿತು ನನ್ನದನ್ನು ಕೊಡದೆ ಉಳಿದೆ.

ನೀನು ಕೊಟ್ಟೆ. ಅದನ್ನು ನಾನು ಶನಿವಾರವೇ ಹೇಳಬೇಕಾಗಿತ್ತು. ರಾತ್ರಿ ಪಾಳಿಯಲ್ಲಿ ಅಳೆಯದ ರಕ್ತದೊತ್ತಡವನ್ನು ಅಳೆದಂತೆ ಪಟ್ಟಿಯಲ್ಲಿ ತುಂಬಲಾರೆ ಎಂದು ಮೇಲಿನವರಿಗೆ ಹೇಳಿ ನೀನು ಕೆಲಸ ಬಿಟ್ಟು ಬಂದಾಗ, "ಎಲ್ಲಾರೂ ಬರೀತಾರ, ನೀನೂ ಬರದು ಸುಮ್ಮನಿರಬೇಕಿತ್ತು" ಎಂದು ನಾನು ಅಂದೆ. ಹೀಗೆ ಅಂದದ್ದಕ್ಕಾಗಿ ಕ್ಷಮೆ ಕೇಳುತ್ತೇನೆ. ಹಾಸಿಗೆಯಲ್ಲಿ ಮಲಗಿರುವವನಿಗೆ ಆ ಅಂಕಿ ಜೀವದ ಮಾತು. ಬೆಳಿಗ್ಗೆ ಬರುವ ವೈದ್ಯರು ಅದನ್ನು ನಂಬಿಯೇ ಮದ್ದು ಬರೆಯುತ್ತಾರೆ. ಇದನ್ನು ನೀನು ನನಗೆ ಹೇಳಿದ್ದೆ, ನಾನು ಕೇಳಿಸಿಕೊಳ್ಳಲಿಲ್ಲ. ಗಿಬ್ಯೋನ್ ಊರಿನಲ್ಲಿ ಅರಸ ಸೊಲೊಮೋನನು ತಾನಿನ್ನೂ ಚಿಕ್ಕವನು ಎಂದು ಒಪ್ಪಿಕೊಂಡು ದೇವರಲ್ಲಿ ಬೇಡಿದ ವಿವೇಕಕ್ಕೆ ಹೀಬ್ರೂ ಮೂಲದಲ್ಲಿರುವ ಮಾತು ಕೇಳುವ ಹೃದಯ ಎಂದಂತೆ. ಹದಿನೇಳು ವರ್ಷದ ಅಂತರದಲ್ಲಿ ಎರಡು ಸಲ ನೀನು ನನ್ನ ಮನೆಯಲ್ಲಿಯೇ ಸರಿಯಾದ ಅಂಕಿಯನ್ನು ಹೇಳಿದೆ, ಎರಡು ಸಲವೂ ನನಗೆ ಕಿವಿ ಇರಲಿಲ್ಲ.

ನಿನ್ನ ವೃತ್ತಿಯ ಹಿರಿಯಕ್ಕಂದಿರು ಎನ್ನಬಹುದಾದ ಇಬ್ಬರು ಬೈಬಲಿನಲ್ಲಿ ಇದ್ದಾರೆ: ಶಿಪ್ರಾ ಮತ್ತು ಪೂಗಾ. ಇಬ್ರಿಯರ, ಅಂದರೆ ಹೀಬ್ರೂ ಜನರ, ಗಂಡುಕೂಸುಗಳನ್ನು ಕೊಲ್ಲಿರಿ ಎಂದು ಐಗುಪ್ತದ (ಈಜಿಪ್ಟಿನ) ಅರಸನೇ ಅಪ್ಪಣೆ ಕೊಟ್ಟಾಗ ಆ ಸೂಲಗಿತ್ತಿಯರು ದೇವರಿಗೆ ಭಯಪಟ್ಟು ಹಾಗೆ ಮಾಡಲಿಲ್ಲ. ಅರಸನ ಭಯ ಅವರಿಗೆ ಇರಲಿಲ್ಲವೆಂದಲ್ಲ, ಅದಕ್ಕಿಂತ ದೊಡ್ಡದೊಂದು ಅವರಲ್ಲಿತ್ತು. ಆಮೇಲೆ ಅರಸನು ಕೇಳಿದಾಗ, ಇಬ್ರಿಯ ಹೆಂಗಸರು ಚುರುಕು, ನಾವು ಹೋಗುವುದರೊಳಗೆ ಹೆತ್ತಿರುತ್ತಾರೆ ಎಂದು ಅವರು ಕೊಟ್ಟ ಉತ್ತರದ ವಿಷಯದಲ್ಲಿ ನನಗೆ ಇಂದಿಗೂ ಪೂರ್ತಿ ಸಮಾಧಾನವಿಲ್ಲ. ಅದು ನೇರವಾದ ಮಾತಲ್ಲ. ಆದರೆ ಅವರು ಮರೆಮಾಡಿದ್ದು ಕೂಸುಗಳನ್ನು ಉಳಿಸುವುದಕ್ಕೆ. ನಾನು ಮರೆಮಾಡಿದ್ದು ನನ್ನನ್ನು ಉಳಿಸಿಕೊಳ್ಳುವುದಕ್ಕೆ.

ಈಗ ನಾಲ್ಕು ಮಾತು ಹೇಳದೆ ನನ್ನಿಂದ ಇರಲಾಗುತ್ತಿಲ್ಲ. ಬಾಡಿಗೆಯ ಹಣಕ್ಕಾಗಿ ಸಿಕ್ಕ ಮೊದಲ ಕೆಲಸಕ್ಕೆ ಸೇರಬೇಡ. ಅನುಭವ ಪತ್ರ ಕೊಡಲು ಅವರು ಸತಾಯಿಸಿದರೆ ಜಗಳಕ್ಕೆ ನಿಲ್ಲದೆ ಲಿಖಿತ ಅರ್ಜಿ ಕೊಟ್ಟು ಅದರ ಪ್ರತಿಯನ್ನು ಇಟ್ಟುಕೋ. ಸರಿಯಾದದ್ದನ್ನು ಮಾಡಿದೆನೆಂಬ ಬಿಗಿತ ಜೊತೆಯವರ ಮುಂದೆ ತೋರಿಸಬೇಡ. ಆ ಪಟ್ಟಿಯನ್ನು ತುಂಬುವ ಹುಡುಗಿಯರಿಗೂ ಮನೆಯಲ್ಲಿ ಸಾಲಗಳಿರುತ್ತವೆ, ಅವರ ಪಾಳಿಯಲ್ಲಿಯೂ ಇಬ್ಬರ ಕೆಲಸ ಒಬ್ಬರ ಮೇಲೆ ಬಿದ್ದಿರುತ್ತದೆ. ಮೇಲಿನಿಂದ ಬರುವ ಜ್ಞಾನ ಪರಿಶುದ್ಧವಾದದ್ದು ಮಾತ್ರವಲ್ಲ, ಸಮಾಧಾನಕರವೂ ಕರುಣೆಯಿಂದ ತುಂಬಿದ್ದೂ ಆಗಿದೆ ಎಂದು ಯಾಕೋಬನು ಬರೆದಿದ್ದಾನೆ. ಬೆಳಗಿನ ಪ್ರಾರ್ಥನೆಯನ್ನು ಬಿಡಬೇಡ. ಎರಡು ಹೊತ್ತು ಊಟ ಮಾಡು. ಇದೆಲ್ಲ ನಿನಗೆ ತಿಳಿದದ್ದೇ ಎಂದು ನನಗೆ ಗೊತ್ತು. ಆದರೂ ನಿನ್ನ ಹೆಸರು ಹುಬ್ಬಳ್ಳಿಯಲ್ಲಿ ತಕರಾರಿನವಳೆಂದು ಹಬ್ಬಿದರೆ ಯಾರು ಕರೆದಾರು ಎಂಬ ಹೆದರಿಕೆ ನನ್ನನ್ನು ನಿದ್ದೆಗೆಡಿಸುತ್ತಿದೆ. ನೋಡು, ಇದೂ ಮನುಷ್ಯರ ಭಯವೇ. ಅದು ಇಷ್ಟು ಬೇಗ ಬಿಡುವುದಿಲ್ಲ.

ನಿನ್ನೆ ಸಂಜೆ ಸಭಾಪಾಲಕರ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಅವರು ಬಹಳ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ ಕಪಾಟಿನಿಂದ ಆ ವರ್ಷದ ಪುಸ್ತಕವನ್ನು ಹುಡುಕಿ ತೆಗೆದರು. ಆ ಪುಟದಲ್ಲಿ ನನ್ನ ನೀಲಿ ಶಾಯಿಯ 840 ಹಾಗೆಯೇ ಇದೆ. ಅದರ ಪಕ್ಕದ ಅಂಚಿನಲ್ಲಿ ಪೆನ್ಸಿಲಿನಿಂದ ಬಹಳ ಸಣ್ಣದಾಗಿ 600 ಎಂದು ಬರೆದಿದೆ, ಆರರ ಬಾಲವನ್ನು ನೀನು ಆಗ ಎಳೆಯುತ್ತಿದ್ದಂತೆಯೇ ಉದ್ದ ಎಳೆದು. ಅದನ್ನು ಯಾವಾಗ ಬರೆದೆ, ಮಗಳೇ? ನಾನು ಕೈ ತೊಳೆಯಲು ಎದ್ದು ಹೋದಾಗಲೋ?

ಬರುವ ಭಾನುವಾರ ಆರಾಧನೆಯ ನಂತರ ಸಮಿತಿ ಸೇರುತ್ತದೆ. 240 ರೂಪಾಯಿಯನ್ನು ಲಕೋಟೆಯಲ್ಲಿ ಹಾಕಿಟ್ಟಿದ್ದೇನೆ; ಪುಸ್ತಕವನ್ನು ತೆರೆದು ಆ ಪುಟವನ್ನು ಎಲ್ಲರಿಗೂ ತೋರಿಸುತ್ತೇನೆ. ಆ ಅರ್ಧ ನಿಮಿಷವನ್ನು ನೆನೆದರೆ ಈಗಲೂ ಕಾಲು ನಡುಗುತ್ತದೆ. ನೀನು ಬರುವುದಾದರೆ ಬೆಳಗಿನ ಮೊದಲ ಬಸ್ಸಿಗೆ ಹೊರಡು, ಎಂಟೂವರೆಯ ಹೊತ್ತಿಗೆ ನಾನು ನಿಲ್ದಾಣದಲ್ಲಿ ಇರುತ್ತೇನೆ. ಬರದಿದ್ದರೂ ಹೋಗುತ್ತೇನೆ.

ನಿನ್ನ ಅವ್ವ ಕೆಂಪು ಚಟ್ನಿ ಕುಟ್ಟಿಟ್ಟಿದ್ದಾಳೆ.

ಇಂತಿ,
ನಿನ್ನ ಅಪ್ಪ