ಇತಿಹಾಸ ಓದಿದರೆ ಭಕ್ತಿ ಹೋಗುತ್ತಾ? ಗೆಳೆಯನಿಗೊಂದು ಪತ್ರ

ತುಮಕೂರು

ಪ್ರೀತಿಯ ಗೆಳೆಯ,

ಮೊನ್ನೆ ಫೋನಿನಲ್ಲಿ ಒಂದು ಮಾತು ಹೇಳಿ ಇಟ್ಟುಬಿಟ್ಟೆಯಲ್ಲ, "ಭಕ್ತಿ ಉಳೀಬೇಕು ಅಂದ್ರೆ ಇತಿಹಾಸ ಜಾಸ್ತಿ ಓದಬಾರದು ಕಣೋ" ಅಂತ. ಚಿಕ್ಕಬಳ್ಳಾಪುರದಲ್ಲಿ ಕಾಲೇಜು ಹುಡುಗರಿಗೆ ಇತಿಹಾಸ ಪಾಠ ಮಾಡುವ ಮೇಷ್ಟ್ರೇ ಹೀಗಂದರೆ ಹೇಗಪ್ಪಾ? ಬಾಯಲ್ಲಿ ವಾದ ಮಾಡಿದರೆ ಗೆಲ್ಲೋದು ನೀನೇ. ಅದಕ್ಕೇ ಬರೆಯುತ್ತಿದ್ದೇನೆ. ನಮ್ಮ ಜಗಳ ಇನ್ನೂ ನಾಲ್ಕು ಜನ ಓದಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ, ಬೇಜಾರು ಮಾಡ್ಕೋಬೇಡ.

ನಿನಗೆ ಬಾಯಿಪಾಠ ಇರುವ ಹಾಡಿನಿಂದಲೇ ಶುರು ಮಾಡುತ್ತೇನೆ. "ಕರುಣಾಳು ಬಾ ಬೆಳಕೆ." ಕನ್ನಡಕ್ಕೆ ತಂದವರು ಬಿ.ಎಂ.ಶ್ರೀ. 1884ರಲ್ಲಿ ಅವರು ಹುಟ್ಟಿದ್ದು ನಿಮ್ಮ ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ ಅಂತ ನೀನು ಎಷ್ಟು ಸಲ ಹೇಳಿಲ್ಲ! ಮೂಲ ಬರೆದವರ ಹೆಸರು ಮಾತ್ರ ನಿನ್ನ ಬಾಯಲ್ಲಿ ಒಂದು ಸಲವೂ ಬಂದಿಲ್ಲ. ಅವರು ಜಾನ್ ಹೆನ್ರಿ ನ್ಯೂಮನ್, ಆಕ್ಸ್‌ಫರ್ಡಿನ ಪಾದ್ರಿ. ನಿಮ್ಮ ನಂದಿಬೆಟ್ಟದಲ್ಲಿ 1927ರಲ್ಲಿ ಆರೈಕೆಗೆ ಬಂದು ಉಳಿದಿದ್ದ ಗಾಂಧೀಜಿಗೂ ಈ ಹಾಡು ಅಚ್ಚುಮೆಚ್ಚು.

1833ರಲ್ಲಿ ನ್ಯೂಮನ್‌ಗೆ 32 ವರ್ಷ. ಸಿಸಿಲಿಯಲ್ಲಿ ಒಬ್ಬರೇ ತಿರುಗಾಡುವಾಗ ಜ್ವರ ಬಂತು. ಎಂಥ ಜ್ವರ ಅಂದರೆ ಜೊತೆಗಿದ್ದ ಆಳು, ಇವರು ಉಳಿಯೋದಿಲ್ಲ ಅಂತಲೇ ಅಂದುಕೊಂಡಿದ್ದ. "ನಾನು ಸಾಯೋದಿಲ್ಲ, ಇಂಗ್ಲೆಂಡಿನಲ್ಲಿ ನನಗೆ ಕೆಲಸ ಇದೆ" ಅಂತ ನ್ಯೂಮನ್ ಕನವರಿಸಿದರು. ಯಾವ ಕೆಲಸ ಅಂತ ಅವರಿಗೂ ಗೊತ್ತಿರಲಿಲ್ಲ. ಸ್ವಲ್ಪ ಚೇತರಿಸಿಕೊಂಡ ಮೇಲೆ ಪಲೆರ್ಮೊದಲ್ಲಿ ಹಡಗಿಗಾಗಿ ವಾರಗಟ್ಟಲೆ ಕಾದರು. ಕೊನೆಗೆ ಸಿಕ್ಕಿದ್ದು ಮಾರ್ಸೇಲ್ಸಿಗೆ ಕಿತ್ತಳೆಹಣ್ಣು ಸಾಗಿಸುವ ದೋಣಿ. ಕಾರ್ಸಿಕಾ, ಸಾರ್ಡಿನಿಯಾ ನಡುವಿನ ಜಲಸಂಧಿಯಲ್ಲಿ ಗಾಳಿ ನಿಂತುಹೋಯಿತು, ದೋಣಿಯೂ ನಿಂತಿತು. ಊರು ಸೇರುವ ಆತುರದಲ್ಲಿದ್ದ ಮನುಷ್ಯ ಕಿತ್ತಳೆ ರಾಶಿಯ ಜೊತೆ ನಡುನೀರಿನಲ್ಲಿ ಸುಮ್ನೆ ಕೂತಿರಬೇಕಾಯಿತು. ಆಗ ಬರೆದ ಪದ್ಯ ಅದು.

"ಸಾಕು ನನಗೊಂದು ಹೆಜ್ಜೆ" ಅಂತ ಹಾಡೋದು ಸುಲಭ. ಕೇಳಿದ ಹೆಜ್ಜೆಯನ್ನು ದೇವರು ಕೊಟ್ಟಾಗ ಅದರ ಬೆಲೆ ಏನಾಯಿತು ನೋಡು. ನಿನ್ನ ಮಾತಿಗೆ ನನ್ನ ಉತ್ತರ ಇರೋದು ಅಲ್ಲೇ.

ನ್ಯೂಮನ್ ಇತಿಹಾಸ ಓದಿದ್ದು ಹವ್ಯಾಸಕ್ಕಲ್ಲ. ಮೊದಲ ಶತಮಾನಗಳ ಕ್ರೈಸ್ತ ಗುರುಗಳು ಬರೆದದ್ದನ್ನೆಲ್ಲ ಕಾಲಕ್ರಮದಲ್ಲಿ ಓದಲು 1828ರಲ್ಲೇ ಕೂತರು. ತಮ್ಮ ಆಂಗ್ಲಿಕನ್ ಚರ್ಚು, ಅಂದರೆ ರೋಮಿನ ಪೋಪರಿಂದ ಬೇರೆಯಾದ ಇಂಗ್ಲೆಂಡಿನ ಚರ್ಚು, ಆ ಹಳೆಯ ಸಭೆಯ ನೇರ ವಾರಸುದಾರ ಅಂತ ತೋರಿಸಬೇಕು ಅನ್ನೋದು ಅವರ ಹಟ. 1839ರ ಬೇಸಿಗೆಯಲ್ಲಿ 5ನೇ ಶತಮಾನದ ಒಂದು ಜಗಳ ಓದುತ್ತಿದ್ದರು. ಕ್ರಿಸ್ತನಿಗೆ ಇರುವುದು ಒಂದೇ ಸ್ವಭಾವವೋ, ದೈವ ಮತ್ತು ಮಾನವ ಅಂತ ಎರಡೋ ಅನ್ನುವ ಜಗಳ. 451ರಲ್ಲಿ ಕ್ಯಾಲ್ಸಿಡಾನಿನ ಮಹಾಸಭೆ ತೀರ್ಪು ಕೊಟ್ಟದ್ದು ಇದರ ಮೇಲೆಯೇ. ಓದುತ್ತಾ ಓದುತ್ತಾ ಅವರಿಗೆ ಎದೆ ಧಸಕ್ ಅಂದಿತು. ಆ ಜಗಳದಲ್ಲಿ ತಮ್ಮ ಚರ್ಚು ಎಲ್ಲಿ ನಿಲ್ಲುತ್ತದೆ ಅಂತ ನೋಡಿದರೆ, ಸೋತು ಹೊರಗೆ ಹೋದವರ ಸಾಲಿನಲ್ಲಿ! ಕನ್ನಡಿಯಲ್ಲಿ ನನ್ನ ಮುಖವನ್ನೇ ಕಂಡೆ ಅಂತ ಆಮೇಲೆ ತಮ್ಮ ಆತ್ಮಕಥೆಯಲ್ಲಿ ಬರೆದುಕೊಂಡರು.

ಇಲ್ಲಿ ನೀನು "ನೋಡಿದ್ಯಾ, ನಾನು ಹೇಳಿದ್ದು ಇದೇ" ಅಂತೀಯ. ತಡಿ. ಅವರು ಪುಸ್ತಕ ಮುಚ್ಚಿಡಲಿಲ್ಲ, ಪ್ರಾರ್ಥನೆಯನ್ನೂ ಬಿಡಲಿಲ್ಲ. ಆರು ವರ್ಷ ಎರಡನ್ನೂ ಒಟ್ಟಿಗೆ ಹೊತ್ತು ತಿರುಗಿದರು. 1843ರಲ್ಲಿ ಆಕ್ಸ್‌ಫರ್ಡಿನ ಸೇಂಟ್ ಮೇರಿ ಚರ್ಚಿನ ಕೆಲಸ ಬಿಟ್ಟರು. ಪಕ್ಕದ ಲಿಟಲ್‌ಮೋರ್ ಹಳ್ಳಿಯಲ್ಲಿ ಆಂಗ್ಲಿಕನ್ ಪಾದ್ರಿಯಾಗಿ ಕೊನೆಯ ಉಪದೇಶ ಮಾಡಿದರು, ವಿಷಯ ಗೆಳೆಯರ ಅಗಲಿಕೆ. 1845ರ ಅಕ್ಟೋಬರ್‌ನಲ್ಲಿ ಡೊಮಿನಿಕ್ ಬಾರ್ಬೆರಿ ಎಂಬ ಇಟಲಿಯ ಕ್ಯಾಥೊಲಿಕ್ ಪಾದ್ರಿ ಕುದುರೆಗಾಡಿಯ ಮೇಲ್ಗಡೆ ಕೂತು, ಮಳೆಯಲ್ಲಿ ತೊಪ್ಪೆಯಾಗಿ, ರಾತ್ರಿ ಹೊತ್ತು ಆ ಹಳ್ಳಿಗೆ ಬಂದರು. ಬಟ್ಟೆ ಒಣಗಲಿ ಅಂತ ಬೆಂಕಿ ಮುಂದೆ ನಿಂತಿದ್ದ ಅವರ ಕಾಲಿಗೆ ಬಿದ್ದು, ನನ್ನನ್ನು ಸೇರಿಸಿಕೊಳ್ಳಿ ಅಂದರು ನ್ಯೂಮನ್. ಅಕ್ಟೋಬರ್ 9ಕ್ಕೆ ಕ್ಯಾಥೊಲಿಕ್ ಆದರು, ಅಂದರೆ ರೋಮಿನ ಪೋಪರ ಚರ್ಚಿಗೆ ಸೇರಿದರು. ಕೆಲಸ, ಕಾಲೇಜು, ಗೆಳೆಯರು ಎಲ್ಲಾ ಹೋಯಿತು. ಮತ್ತೆ ಆಕ್ಸ್‌ಫರ್ಡಿಗೆ ಕಾಲಿಟ್ಟದ್ದು 1878ರಲ್ಲಿ, ಓದಿದ ಟ್ರಿನಿಟಿ ಕಾಲೇಜು ಗೌರವ ಕೊಟ್ಟು ಕರೆದಾಗ.

ಇತಿಹಾಸದಲ್ಲಿ ಆಳಕ್ಕಿಳಿದವನು ಪ್ರೊಟೆಸ್ಟೆಂಟಾಗಿ ಉಳಿಯಲಾರ ಅಂತ ಅವರು ಬರೆದಿದ್ದಾರೆ. ನಾನು ಸಿ.ಎಸ್.ಐ. ಅನ್ನುವ ಪ್ರೊಟೆಸ್ಟೆಂಟ್ ಚರ್ಚಿನವನು, ಭಾನುವಾರ ಕ್ವಾಯರಿನಲ್ಲಿ ಹಾಡೋನು. ಈ ಮಾತಿಗೆ ನನ್ನ ಸಹಿ ಇಲ್ಲ. ಅದೇ ರಾಶಿ ಪುಸ್ತಕ ಓದಿದ ಅವರ ಎಷ್ಟೋ ಗೆಳೆಯರು ಇದ್ದಲ್ಲೇ ಉಳಿದರು, ಅವರೇನೂ ಕಮ್ಮಿ ಓದಿದವರಲ್ಲ. ಆದರೆ ನ್ಯೂಮನ್ ಇತಿಹಾಸವನ್ನು ತಮಗೆ ಬೇಕಾದ ಹಾಗೆ ಬಗ್ಗಿಸಲಿಲ್ಲ ಅನ್ನೋದಕ್ಕೆ ಇನ್ನೊಂದು ಸಾಕ್ಷಿ ಇದೆ. 1859ರಲ್ಲಿ, ಕ್ಯಾಥೊಲಿಕ್ ಆದ ಮೇಲೆ, ಒಂದು ಲೇಖನ ಬರೆದರು. 4ನೇ ಶತಮಾನದಲ್ಲಿ, ಯೇಸು ದೇವರ ಸಮಾನನೋ ಅಲ್ಲವೋ ಅಂತ ಗಲಾಟೆ ನಡೆದಾಗ ಬಿಷಪ್ಪರು ಒಬ್ಬೊಬ್ಬರಾಗಿ ಜಾರಿದರು, ವಿಶ್ವಾಸ ಕಾಪಾಡಿದ್ದು ಸಾಮಾನ್ಯ ಜನ ಅಂತ. ರೋಮಿಗೆ ದೂರು ಹೋಯಿತು. ಹೊಸ ಮನೆಯಲ್ಲೂ ಬೈಸಿಕೊಂಡರು ಪಾಪ!

ಕಾದಂಬರಿ ಬಗ್ಗೆ ಹೇಳದಿದ್ದರೆ ನನಗೆ ಸಮಾಧಾನ ಇಲ್ಲ. ಎರಡು ಬರೆದಿದ್ದಾರೆ. 1848ರದ್ದು ಆಕ್ಸ್‌ಫರ್ಡಿನ ವಿದ್ಯಾರ್ಥಿಯೊಬ್ಬ ಮತ ಬದಲಿಸುವ ಕಥೆ, ವಾದವೇ ಜಾಸ್ತಿ, ನನಗೆ ಅಲ್ಲಲ್ಲಿ ಆಕಳಿಕೆ ಬಂತು. 1855ರ 'ಕಲಿಸ್ಟಾ' ಬೇರೆಯೇ ದರ್ಜೆಯದು. 3ನೇ ಶತಮಾನದ ಉತ್ತರ ಆಫ್ರಿಕಾ, ಸಿಕ್ಕಾ ಅನ್ನುವ ಊರು. ಕಲಿಸ್ಟಾ ಮೂರ್ತಿ ಮಾಡುವ ಗ್ರೀಕ್ ಹುಡುಗಿ. ಅಗೇಲಿಯಸ್ ಅನ್ನುವ ಕ್ರೈಸ್ತ ಹುಡುಗನಿಗೆ ಅವಳ ಮೇಲೆ ಮನಸ್ಸು. ಮದುವೆ ಮಾತೆತ್ತಲು ಹೋಗುತ್ತಾನೆ. ಅವಳು ಕೊಡುವ ಉತ್ತರ ಇದೆಯಲ್ಲ! ನಿನ್ನ ದೇವರ ವಿಷಯ ಹೇಳುತ್ತೀಯ ಅಂತ ನಾನು ಕಾದಿದ್ದೆ, ನೀನು ನೋಡಿದರೆ ನಿನ್ನ ಆಸೆಯನ್ನೇ ಮುಂದಿಟ್ಟೆ ಅನ್ನುವ ಧಾಟಿಯಲ್ಲಿ ತರಾಟೆಗೆ ತಗೊಳ್ಳುತ್ತಾಳೆ. ನಂಬಿಕೆಯಿಲ್ಲದವಳಿಂದ ನಂಬಿಕೆಯವನಿಗೆ ಬೈಗುಳ. ಒಬ್ಬ ಪಾದ್ರಿ ಇಂಥದ್ದನ್ನು ಬರೆಯೋಕೆ ಧೈರ್ಯ ಬೇಕು ಕಣಯ್ಯ. ಮುಂದೆ ಅವಳೇ ಆ ನಂಬಿಕೆಗಾಗಿ ಪ್ರಾಣ ಕೊಟ್ಟು ರಕ್ತಸಾಕ್ಷಿಯಾಗುತ್ತಾಳೆ.

ಅದರಲ್ಲಿ ಮಿಡತೆ ದಂಡು ಬರುವ ಭಾಗ ಇದೆ. ಹೊಲ, ತೋಟ, ಬಾಗಿಲು, ಕಿಟಕಿ ಯಾವುದನ್ನೂ ಬಿಡೋದಿಲ್ಲ. ಬೆಳೆ ಹೋಗುತ್ತದೆ, ಹಸಿವು ಬರುತ್ತದೆ, ಜನ ಎದ್ದು ಇದಕ್ಕೆಲ್ಲ ಕ್ರೈಸ್ತರೇ ಕಾರಣ ಅಂತ ನುಗ್ಗುತ್ತಾರೆ. ಬರ ಬಂದಾಗ ಯಾರ ಮೇಲಾದರೂ ತಪ್ಪು ಹೊರಿಸುವುದು ನಮ್ಮ ಶಿರಾ, ಪಾವಗಡದ ಕಡೆಯವರಿಗೆ ಬಿಡಿಸಿ ಹೇಳಬೇಕಾ? ನಿನ್ನ ಹುಡುಗರಿಗೆ ಈ ಭಾಗ ಓದಿಸಿ ನೋಡು, ರೋಮ್ ಸಾಮ್ರಾಜ್ಯದ ಪಾಠಕ್ಕಿಂತ ಚೆನ್ನಾಗಿ ನೆನಪಿಡುತ್ತಾರೆ.

ವಿಶ್ವವಿದ್ಯಾಲಯದ ಬಗ್ಗೆ ಅವರು ಡಬ್ಲಿನ್‌ನಲ್ಲಿ ಮಾಡಿದ ಭಾಷಣಗಳನ್ನು ನೀನೇ ಬಿ.ಎಡ್. ಕಾಲದಲ್ಲಿ ಓದಿದ್ದೀಯ, ನಾನು ಹೇಳಲು ಹೋಗೋದಿಲ್ಲ.

ಪಿಟೀಲಿನ ವಿಷಯ ಮಾತ್ರ ಹೇಳಲೇಬೇಕು. ಹುಡುಗನಾಗಿದ್ದಾಗ ಕಲಿತದ್ದು, ನಡುವೆ ಬಹಳ ಕಾಲ ನಿಂತುಹೋಗಿತ್ತು. ಅರವತ್ತು ದಾಟಿದ ಮೇಲೆ ಇಬ್ಬರು ಗೆಳೆಯರು ಸೇರಿ ಹೊಸ ಪಿಟೀಲು ಕೊಟ್ಟರು: ಫ್ರೆಡರಿಕ್ ರೋಜರ್ಸ್, ರಿಚರ್ಡ್ ಚರ್ಚ್. ಇಬ್ಬರೂ ಆಂಗ್ಲಿಕನ್ನರು. ಇವರಲ್ಲಿ ರೋಜರ್ಸ್ ಹಿಂದೆ ಈ ಮತದ ವಿಷಯಕ್ಕೇ ಗೆಳೆತನ ಕಡಿದುಕೊಂಡಿದ್ದವರು. ಬೀಥೋವನ್ ಅಂದರೆ ನ್ಯೂಮನ್‌ಗೆ ಪ್ರಾಣ. 1865ರಲ್ಲಿ, ಸಾಯುತ್ತಿರುವ ಮುದುಕನ ಆತ್ಮ ದೇವರ ಮುಂದೆ ಹೋಗುವ ದೀರ್ಘ ಪದ್ಯ ಬರೆದರು. 1900ರಲ್ಲಿ ಇಂಗ್ಲೆಂಡಿನ ಸಂಗೀತಗಾರ ಎಲ್ಗರ್ ಅದಕ್ಕೆ ಸಂಗೀತ ಹಾಕಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಹಾಡಿಸಿದರು. ಅಷ್ಟು ಹೊತ್ತಿಗೆ ನ್ಯೂಮನ್ ತೀರಿಕೊಂಡು ಹತ್ತು ವರ್ಷವಾಗಿತ್ತು. ಇನ್ನು ನಿನ್ನ "ಕರುಣಾಳು" ಹಾಡಿನ ಮೂಲಕ್ಕೆ 1865ರಲ್ಲಿ ಡೈಕ್ಸ್ ಅನ್ನುವವರು ರಾಗ ಕೂರಿಸಿದ್ದರು. ಹಾಡು ಇಷ್ಟು ಹಬ್ಬಿದ್ದು ಆ ರಾಗದಿಂದ, ನನ್ನಿಂದಲ್ಲ ಅಂತ ನ್ಯೂಮನ್ನರೇ ಹೇಳುತ್ತಿದ್ದರು.

2019ರಲ್ಲಿ ಅವರನ್ನು ಸಂತರೆಂದು ಘೋಷಿಸಿದರು. 2025ರ ನವೆಂಬರ್ 1ರಂದು ಪೋಪ್ 14ನೇ ಲಿಯೋ ಅವರನ್ನು ಧರ್ಮಸಭೆಯ ಪಂಡಿತರ, ಅಂದರೆ ಇಡೀ ಕ್ಯಾಥೊಲಿಕ್ ಚರ್ಚಿಗೇ ಗುರು ಅನ್ನಿಸಿಕೊಂಡ ಕೆಲವೇ ಸಂತರ, ಸಾಲಿಗೂ ಸೇರಿಸಿದರು. ದೂರು ಹೋದ ರೋಮಿನಿಂದಲೇ!

ಈ ಸಲ ಊರಿಗೆ ಬಂದಾಗ ತುಮಕೂರಿನಲ್ಲಿ ಇಳಿದು ಬಾ. 'ಕಲಿಸ್ಟಾ' ನನ್ನ ಹತ್ತಿರ ಇದೆ, ತಗೊಂಡು ಹೋಗು. ಮೊದಲ ಅಧ್ಯಾಯಗಳಲ್ಲಿ ಊರಿನ ವರ್ಣನೆ ಉದ್ದ ಆಯಿತು ಅನ್ನಿಸಿದರೆ ಮಿಡತೆ ಬರುವಲ್ಲಿಂದ ಶುರು ಮಾಡು. ವಾದ ಆಮೇಲೆ ಮುಂದುವರಿಸೋಣ.

ನಿನ್ನ ಗೆಳೆಯ