ಕ್ಲಚ್ ಲಿವರೇ ಇಲ್ಲದ ಬೈಕಿಗೆ "ಕ್ಲಚ್ ಹಿಡಿದು ತಳ್ಳಿ" ಅಂದಿರಿ: ರಸ್ತೆಬದಿ ನೆರವಿನ ಬಗ್ಗೆ ದೂರು

ಇವರಿಗೆ,
ಗ್ರಾಹಕರ ದೂರು ವಿಭಾಗದ ಮುಖ್ಯಸ್ಥರು

ಇಂದ,
ನಿಮ್ಮ ಪಾಲಿಸಿದಾರ, ಚಿಕ್ಕಬಳ್ಳಾಪುರ

ವಿಷಯ: ಪೆರೇಸಂದ್ರ ಕ್ರಾಸ್ ಹತ್ತಿರ ನನ್ನ ಆಟೋಮ್ಯಾಟಿಕ್ ಬೈಕಿಗೆ ನಿಮ್ಮವರು ಮಾಡಿದ ಹಾನಿ, ಮತ್ತು "ಗ್ರಾಹಕರೇ ಸೇವೆ ಬೇಡವೆಂದರು" ಅಂತ ಬರೆದು ದೂರು ಮುಚ್ಚಿದ್ದು.

ನಮಸ್ಕಾರ,

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. ಬ್ಯಾಟರಿ ಕೂತದ್ದು ನನ್ನಿಂದಲೇ. ಆ ಭಾನುವಾರ ಬೆಳಗ್ಗೆ ನಂದಿ ಬೆಟ್ಟದ ಕಡೆಯಿಂದ ಮಂಜು ಸುರಿಯುತ್ತಿತ್ತು, ಹತ್ತು ಮಾರು ಮುಂದಿನ ಲಾರಿ ಕಾಣುತ್ತಿರಲಿಲ್ಲ. ಹೊರಗಡೆ ಹಾಕಿಸಿದ ಫಾಗ್ ಲೈಟ್ ಹಚ್ಚಿಕೊಂಡು ಹೋದೆ. ಪೆರೇಸಂದ್ರ ಕ್ರಾಸ್‌ನಲ್ಲಿ ಟೀ ಕುಡಿಯಲು ನಿಲ್ಲಿಸಿದಾಗ ಅದನ್ನು ಆರಿಸಲು ಮರೆತೆ. ಆ ಲೈಟ್ ನೇರ ಬ್ಯಾಟರಿಗೆ ಕೊಟ್ಟದ್ದು, ಕೀ ತೆಗೆದರೂ ಉರಿಯುತ್ತದೆ. ಬ್ಯಾಟರಿಯೂ ನಾಲ್ಕು ವರ್ಷದ ಹಳೆಯದು. ಮುಕ್ಕಾಲು ಗಂಟೆ ಬಿಟ್ಟು ಬಂದು ಸೆಲ್ಫ್ ಒತ್ತಿದರೆ ಟಕ್ ಟಕ್ ಅಂತ ಸದ್ದು, ಅಷ್ಟೇ. ಇಂಜಿನ್ ತಿರುಗಲಿಲ್ಲ.

ಇಂಥ ಹೊತ್ತಿಗೆ ಅಂತಲೇ ನಾನು ಪ್ರತಿ ವರ್ಷ ವಿಮೆಯ ಜೊತೆಗೆ ಹೆಚ್ಚು ದುಡ್ಡು ಕಟ್ಟಿ ನಿಮ್ಮ ರಸ್ತೆಬದಿ ನೆರವು ತೆಗೆದುಕೊಂಡಿರುವುದು. ಅದರಲ್ಲಿ "ಬ್ಯಾಟರಿ ಜಂಪ್‌ಸ್ಟಾರ್ಟ್", ಅಂದರೆ ಬೇರೆ ಬ್ಯಾಟರಿಯಿಂದ ಕರೆಂಟ್ ಕೊಟ್ಟು ಸ್ಟಾರ್ಟ್ ಮಾಡಿಕೊಡುವುದು, ಅಂತ ಕನ್ನಡದಲ್ಲೇ ಬರೆದಿದೆ. ನನಗೆ ಬೇಕಿದ್ದದ್ದೂ ಅದೊಂದೇ.

ಬೆಳಗ್ಗೆ 7:10ಕ್ಕೆ ಫೋನ್ ಮಾಡಿದೆ. ಮಾತಾಡಿದ ಮೇಡಂಗೆ ಕನ್ನಡ ಬರುತ್ತಿರಲಿಲ್ಲ. ಪರವಾಗಿಲ್ಲ, ನನಗೆ ಬರುವ ಹಿಂದಿಯಲ್ಲೇ ಹೇಳಿದೆ. ಹೆಸರು, ಪಾಲಿಸಿ ನಂಬರು, ಗಾಡಿ ನಂಬರು, ಜಾಗ ಎಲ್ಲ ಕೊಟ್ಟೆ. ರಾಷ್ಟ್ರೀಯ ಹೆದ್ದಾರಿ 44, ಚಿಕ್ಕಬಳ್ಳಾಪುರ ದಾಟಿ ಬಾಗೇಪಲ್ಲಿ ಕಡೆ ಬರುವ ದಾರಿ, ಪೆರೇಸಂದ್ರ ಕ್ರಾಸ್ ಅಂತ ಮೂರು ಸಲ ಹೇಳಿದೆ. ಬೈಕಿನ ಮಾಡೆಲ್ ಹೇಳಿ, ಇದು ಆಟೋಮ್ಯಾಟಿಕ್, ಕ್ಲಚ್ ಲಿವರ್ ಇಲ್ಲ, ಕಾಲಲ್ಲಿ ಹಾಕುವ ಗೇರೂ ಇಲ್ಲ ಅಂತ ಬಿಡಿಸಿ ಹೇಳಿದೆ. ಅದಕ್ಕೆ ಬಂದ ಉತ್ತರ: "ಸರ್, ಸೆಕೆಂಡ್ ಗೇರಿಗೆ ಹಾಕಿ, ಕ್ಲಚ್ ಹಿಡಿದುಕೊಳ್ಳಿ, ಯಾರಾದರೂ ತಳ್ಳಲಿ, ಆಮೇಲೆ ಕ್ಲಚ್ ಬಿಡಿ."

ನಾನು ಮತ್ತೆ ಹೇಳಿದೆ. ಅವರು ಮತ್ತೆ ಅದನ್ನೇ ಓದಿದರು. ಮುಂದಿರುವ ಪರದೆಯಲ್ಲಿ ಬರೆದದ್ದನ್ನು ಓದುತ್ತಿದ್ದಾರೆ ಅಂತ ಗೊತ್ತಾಯಿತು. ಆ ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ, ಅವರಿಗೆ ಹಾಗೆ ಬರೆದುಕೊಟ್ಟವರ ಮೇಲೆ ಸಿಟ್ಟು.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ದಯವಿಟ್ಟು ಪೂರ್ತಿ ಓದಿ. ಈ ಬೈಕಿನೊಳಗೆ ಎರಡು ಕ್ಲಚ್ ಇವೆ. 1, 3, 5ನೇ ಗೇರು ಒಂದರ ಪಾಲಿಗೆ, 2, 4, 6 ಇನ್ನೊಂದರ ಪಾಲಿಗೆ. ಎರಡನ್ನೂ ಹಿಡಿಸುವುದು, ಬಿಡಿಸುವುದು ಆಯಿಲ್ ಒತ್ತಡ. ಆ ಒತ್ತಡ ಬರುವುದು ಇಂಜಿನ್ ಓಡುತ್ತಿದ್ದರೆ ಮಾತ್ರ. ಇಂಜಿನ್ ನಿಂತರೆ ಒತ್ತಡ ಇಲ್ಲ, ಒತ್ತಡ ಇಲ್ಲದಿದ್ದರೆ ಎರಡು ಕ್ಲಚ್ಚೂ ಬಿಟ್ಟುಕೊಂಡೇ ಇರುತ್ತವೆ. ಹಾಗಾಗಿ ಪೆರೇಸಂದ್ರದಿಂದ ಬಾಗೇಪಲ್ಲಿವರೆಗೂ ತಳ್ಳಿಕೊಂಡು ಹೋದರೂ ಚಕ್ರ ತಿರುಗುತ್ತದೆಯೇ ಹೊರತು ಇಂಜಿನ್ ತಿರುಗುವುದಿಲ್ಲ. ಗೇರಿಲ್ಲದ ಸ್ಕೂಟರ್ ಕೂಡ ತಳ್ಳಿದರೆ ಸ್ಟಾರ್ಟ್ ಆಗಲ್ಲ, ಅಲ್ವಾ? ಸ್ಕೂಟರಿನವರಿಗೆ ನೀವು ಸೆಕೆಂಡ್ ಗೇರಿಗೆ ಹಾಕಿ ಅಂತ ಹೇಳುವುದಿಲ್ಲ. ನನಗೆ ಯಾಕೆ ಹೇಳಿದಿರಿ?

ಇನ್ನೊಂದು ವಿಷಯ. ಕೀ ತೆಗೆದ ತಕ್ಷಣ ಈ ಬೈಕು ನ್ಯೂಟ್ರಲ್‌ಗೆ ಬಂದಿರುತ್ತದೆ. ಮಾಮೂಲಿ ಬೈಕನ್ನು ಇಳಿಜಾರಲ್ಲಿ ಫಸ್ಟ್ ಗೇರಿಗೆ ಹಾಕಿ ನಿಲ್ಲಿಸುತ್ತೇವೆ, ಇದರಲ್ಲಿ ಅದು ಆಗಲ್ಲ. ಅದಕ್ಕೇ ಕಾರಿನ ಹಾಗೆ ಬೇರೆ ಪಾರ್ಕಿಂಗ್ ಬ್ರೇಕ್ ಕೊಟ್ಟಿದ್ದಾರೆ. ಅದರ ಲಿವರ್ ಎಡಗಡೆ ಹ್ಯಾಂಡಲ್ ಹತ್ತಿರ ಇದೆ. ಗೊತ್ತಿಲ್ಲದವರು ನೋಡಿದರೆ ಕ್ಲಚ್ ಅಂತಲೇ ಅಂದುಕೊಳ್ಳುತ್ತಾರೆ. ಈ ಒಂದು ಲಿವರ್ ನೆನಪಿಟ್ಟುಕೊಳ್ಳಿ, ಮುಂದೆ ಆದದ್ದೆಲ್ಲ ಅದರಿಂದಲೇ.

"ನಲವತ್ತು ನಿಮಿಷದಲ್ಲಿ ಬರುತ್ತಾರೆ" ಅಂದಿರಿ. 7:50 ಆಯಿತು, 8:30 ಆಯಿತು. ಎರಡನೇ ಸಲ ಫೋನ್ ಮಾಡಿದಾಗ ದೇವನಹಳ್ಳಿ ದಾಟಿದ್ದಾರೆ ಅಂದರು. ಮೂರನೇ ಸಲ ಮಾಡಿದಾಗ ಈಗಷ್ಟೇ ಹೊರಟಿದ್ದಾರೆ ಅಂದರು. ಹೆದ್ದಾರಿ ಪ್ರಾಧಿಕಾರದ 1033ಕ್ಕೆ ಫೋನ್ ಮಾಡೋಣ ಅಂತ ಎರಡು ಸಲ ಫೋನ್ ಕೈಗೆ ತೆಗೆದುಕೊಂಡೆ, ಗಾಡಿ ಬರುತ್ತಿದೆ ಅಂತ ನೀವು ಹೇಳಿದ್ದನ್ನು ನಂಬಿ ಸುಮ್ಮನಾದೆ. ನನ್ನ ಜೊತೆ ಒಂಬತ್ತನೇ ಕ್ಲಾಸಿನ ಮಗಳಿದ್ದಳು. ಲೇಪಾಕ್ಷಿಯ ನೇತಾಡುವ ಕಂಬ ನೋಡಬೇಕು ಅಂತ ತಿಂಗಳಿಂದ ಹೇಳುತ್ತಿದ್ದಳು. ಕೊಡಿಕೊಂಡ ಚೆಕ್‌ಪೋಸ್ಟ್ ದಾಟಿ ಎಡಕ್ಕೆ ತಿರುಗಿದರೆ ಲೇಪಾಕ್ಷಿ, ಹತ್ತು ಗಂಟೆಯೊಳಗೆ ನೋಡಿಕೊಂಡು ಮಧ್ಯಾಹ್ನದ ಊಟಕ್ಕೆ ಮನೆಗೆ ಬರುವ ಲೆಕ್ಕ ಹಾಕಿದ್ದೆವು. ಪಾಪ, ಟೀ ಅಂಗಡಿ ಬೆಂಚಿನ ಮೇಲೆ ಹೆಲ್ಮೆಟ್ ತೊಡೆ ಮೇಲಿಟ್ಟುಕೊಂಡು ಕೂತಿದ್ದಳು. ಬೆಂಗಳೂರಿನ ಬೈಕಿನವರು ಗುಂಪು ಗುಂಪಾಗಿ ಹೋಗುತ್ತಿದ್ದರು. ಇಬ್ಬರು ನಿಲ್ಲಿಸಿ ಕೇಳಿದರು ಕೂಡ. "ಕಂಪನಿಯವರು ಬರ್ತಿದ್ದಾರೆ" ಅಂತ ನಾನೇ ಕಳಿಸಿಬಿಟ್ಟೆ.

ಕೊನೆಗೆ 10:25ಕ್ಕೆ ಒಂದು ಸಣ್ಣ ಗೂಡ್ಸ್ ಗಾಡಿ ಬಂತು. ಇಬ್ಬರು ಹುಡುಗರು, ಒಂದು ಹಲಗೆ, ಒಂದು ಕೈಯಲ್ಲಿ ತಿರುಗಿಸುವ ವಿಂಚ್, ತಂತಿ ಹಗ್ಗ. ಜಂಪರ್ ಕೇಬಲ್ ಇಲ್ಲ. ಬ್ಯಾಟರಿ ಪ್ಯಾಕ್ ಇಲ್ಲ. "ನಮಗೆ ಬೈಕ್ ಎತ್ತಿಕೊಂಡು ಬನ್ನಿ ಅಂತ ಮಾತ್ರ ಹೇಳಿದ್ದಾರೆ ಸಾರ್" ಅಂದರು. ಮೂರು ಗಂಟೆ ಕಾಯಿಸಿ, ಕೇಳಿದ್ದನ್ನು ಬಿಟ್ಟು ಕೇಳದ್ದನ್ನು ಕಳಿಸಿದಿರಿ.

ನಾನು ಪಾರ್ಕಿಂಗ್ ಬ್ರೇಕ್ ಬಿಟ್ಟು, ಬೈಕನ್ನು ಹಲಗೆಯ ನೇರಕ್ಕೆ ನಾನೇ ಉರುಳಿಸಿ ತಂದೆ. ಸುಮಾರು 250 ಕಿಲೋ ಬೈಕು, ಆದರೂ ನ್ಯೂಟ್ರಲ್‌ನಲ್ಲಿ ಸಲೀಸಾಗಿ ಬಂತು. "ಎಡಗಡೆ ಲಿವರ್ ಮುಟ್ಟಬೇಡಿ, ಅದು ಬ್ರೇಕು" ಅಂತ ಹೇಳಿದೆ. ಸೈಡ್ ಬಾಕ್ಸಿನ ಸಾಮಾನು ಮಗಳ ಕೈಗೆ ಕೊಡಲು ಈ ಕಡೆ ತಿರುಗಿದೆ, ಒಂದು ನಿಮಿಷ ಇರಬಹುದು. ಅಷ್ಟರಲ್ಲಿ ಒಬ್ಬ ಹ್ಯಾಂಡಲ್ ಹಿಡಿದುಕೊಂಡು ಆ ಲಿವರನ್ನು ಕ್ಲಚ್ ಅಂತ ಎಳೆದಿದ್ದಾನೆ. ಬ್ರೇಕ್ ಕೂತಿದೆ. ಹಿಂದಿನ ಚಕ್ರ ಕಚ್ಚಿಕೊಂಡಿದೆ. ಬೈಕು ಅಲುಗಾಡಲಿಲ್ಲ ಅಂತ "ಗೇರ್ ಜಾಮ್ ಆಗಿದೆ, ಎಳಿಯೋ" ಅಂತ ಕೂಗಿ, ಇನ್ನೊಬ್ಬ ತಂತಿ ಹಗ್ಗದ ಕೊಕ್ಕೆಯನ್ನು ಸೈಡ್ ಬಾಕ್ಸ್ ಕೂರಿಸುವ ಕಂಬಿಗೆ ಸಿಕ್ಕಿಸಿ ವಿಂಚ್ ತಿರುಗಿಸಿದ.

ನನ್ನ ಮಗಳು "ಅಪ್ಪಾ" ಅಂತ ಕಿರುಚಿದ್ದು ಕೇಳಿ ತಿರುಗಿದೆ. ಟಾರಿನ ಮೇಲೆ ಒಂದು ಮಾರು ಉದ್ದದ ಕಪ್ಪು ಗೆರೆ. ಕಂಬಿ ಬಿಲ್ಲಿನ ಹಾಗೆ ಬಾಗಿತ್ತು. ಬಾಕ್ಸಿನ ಮೂಲೆ ಬೈಕಿನ ಪ್ಲಾಸ್ಟಿಕ್ ಹೊದಿಕೆಗೆ (ಫೇರಿಂಗಿಗೆ) ಒರಗಿ, ಬಣ್ಣ ಎದ್ದು ಒಳಗಿನ ಬಿಳಿ ಪ್ಲಾಸ್ಟಿಕ್ ಕಾಣುತ್ತಿತ್ತು. ಅವಳು ಅದಕ್ಕೂ ಮೊದಲೇ ಫೋನಿನಲ್ಲಿ ವಿಡಿಯೋ ಮಾಡುತ್ತಿದ್ದಳು, ಎಲ್ಲ ಅದರಲ್ಲಿದೆ. ಲಿವರ್ ಎಳೆದ ಕೈ ಕೂಡ ಇದೆ.

ನಿಲ್ಲಿಸಿ ಅಂದೆ. ಈ ಬೈಕನ್ನು ಆ ಗಾಡಿಗೆ ಏರಿಸುವುದು ಬೇಡ, ಬ್ಯಾಟರಿಗೆ ಕೇಬಲ್ ಕೊಡುವವರನ್ನು ಕಳಿಸಿ ಅಂದೆ. ಆ ಹುಡುಗರು ಯಾರಿಗೋ ಫೋನ್ ಮಾಡಿ, ಹಲಗೆ ಮಡಚಿಕೊಂಡು ಹೊರಟುಹೋದರು. ಹತ್ತು ನಿಮಿಷಕ್ಕೆ ನನ್ನ ಫೋನಿಗೆ ಮೆಸೇಜ್ ಬಂತು: ಗ್ರಾಹಕರು ಸೇವೆ ನಿರಾಕರಿಸಿದ್ದಾರೆ, ದೂರು ಮುಕ್ತಾಯ. ವರ್ಷಕ್ಕೆ ಸಿಗುವ ನಾಲ್ಕು ಸೇವೆಗಳಲ್ಲಿ ಒಂದು ಬಳಕೆಯಾಗಿದೆ ಅಂತಲೂ ಇತ್ತು.

ಬೈಕಿನ ಹಾನಿಗಿಂತ ಜಾಸ್ತಿ ನೋವಾದದ್ದು ಈ ಒಂದು ಸಾಲಿನಿಂದ. ನಾನು ಸೇವೆ ಬೇಡ ಅನ್ನಲಿಲ್ಲ. ಮೂರು ಗಂಟೆ ಕಾಲ ಬೇಕು ಬೇಕು ಅಂತ ಕೇಳಿಕೊಂಡೆ.

ಆಮೇಲೆ ಏನಾಯಿತು ಗೊತ್ತಾ? ಪಕ್ಕದ ಪಂಕ್ಚರ್ ಅಂಗಡಿಯ ಹುಡುಗ ಇದನ್ನೆಲ್ಲ ನೋಡುತ್ತಿದ್ದ. ಚೆಂಡು ಹೂವಿನ ಮೂಟೆ ತುಂಬಿಕೊಂಡು ನಿಂತಿದ್ದ ಪಿಕಪ್ ಗಾಡಿಯವರನ್ನು ಕೇಳಿ, ಅವರ ಬ್ಯಾಟರಿಯಿಂದ ನನ್ನ ಬ್ಯಾಟರಿಗೆ ಕೇಬಲ್ ಹಾಕಿದ. ಪಿಕಪ್ ಇಂಜಿನ್ ಆಫ್ ಇರಲಿ ಅಣ್ಣ ಅಂತ ಅವನೇ ಹೇಳಿದ. ನಾನು ಬ್ರೇಕ್ ಹಿಡಿದು ಸೆಲ್ಫ್ ಒತ್ತಿದೆ. ಒಂದೇ ಸಲಕ್ಕೆ ಸ್ಟಾರ್ಟ್. ಎಲ್ಲ ಸೇರಿ ಐದು ನಿಮಿಷ. ದುಡ್ಡು ಕೊಡಲು ಹೋದರೆ ಟೀ ಸಾಕು ಅಂದ.

ಇದು ಹೊಸ ತಂತ್ರಜ್ಞಾನ, ನಮ್ಮ ಸಿಬ್ಬಂದಿಗೆ ಇನ್ನೂ ಪರಿಚಯ ಇಲ್ಲ ಅಂತ ನಿಮ್ಮ ಮೇಲಧಿಕಾರಿ ಮರುದಿನ ಫೋನಿನಲ್ಲಿ ಹೇಳಿದರು. ಅದು ಸರಿಯಲ್ಲ. 2006ರಲ್ಲೇ ಯಮಹಾ ತನ್ನ ಎಫ್‌ಜೆಆರ್ 1300 ಟೂರಿಂಗ್ ಬೈಕನ್ನು ಕ್ಲಚ್ ಲಿವರ್ ಇಲ್ಲದೆ ಕೊಟ್ಟಿತ್ತು. 2010ರಲ್ಲಿ ಹೋಂಡಾ ವಿಎಫ್‌ಆರ್ 1200 ಎಫ್ ಎರಡು ಕ್ಲಚ್ಚಿನ ಗೇರ್‌ಬಾಕ್ಸ್ ಜೊತೆ ಬಂತು. ನಮ್ಮ ದೇಶದಲ್ಲೇ ಹೋಂಡಾದ ಆಫ್ರಿಕಾ ಟ್ವಿನ್ ಬೈಕು 2017ರಲ್ಲೇ ಇಂಥದೇ ಗೇರ್‌ಬಾಕ್ಸಿನಲ್ಲಿ ಬಂದಿತ್ತು. ನನ್ನ ಬೈಕಿನ ಮಾಡೆಲ್ ನಿಮ್ಮ ಪಾಲಿಸಿ ಪುಟದಲ್ಲಿ ಅಚ್ಚಾಗಿದೆ. ದುಡ್ಡು ತೆಗೆದುಕೊಳ್ಳುವಾಗ ಪರಿಚಯ ಇದ್ದ ಗಾಡಿ, ಎತ್ತುವಾಗ ಪರಿಚಯ ಇಲ್ಲ ಅಂದರೆ ಹೇಗೆ?

ಅದೇ ಅಧಿಕಾರಿ ಇನ್ನೊಂದು ಮಾತು ಹೇಳಿದರು: "ಇಂಥ ಬೈಕ್ ಯಾಕೆ ಇಟ್ಟುಕೊಳ್ಳುತ್ತೀರಿ ಸರ್, ಗೇರ್ ಬೈಕ್ ತಗೊಳ್ಳಿ." ಇದಕ್ಕೂ ಉತ್ತರ ಬರೆಯುತ್ತೇನೆ. ನನಗೆ ಚಿಕ್ಕಬಳ್ಳಾಪುರದ ಪಕ್ಕ ದ್ರಾಕ್ಷಿ ತೋಟ ಇದೆ. ಆರು ವರ್ಷದ ಹಿಂದೆ ಚಪ್ಪರದ ತಂತಿ ಬಿಗಿ ಮಾಡುವಾಗ ತಂತಿ ಕಿತ್ತು ಬಂದು ಎಡಗೈಯ ಎರಡು ಬೆರಳಿನ ನರ ಕತ್ತರಿಸಿತು. ಹೊಲಿಗೆ ಹಾಕಿಸಿ, ತಿಂಗಳುಗಟ್ಟಲೆ ವ್ಯಾಯಾಮ ಮಾಡಿದರೂ ಇವತ್ತಿಗೂ ಮುಷ್ಟಿ ಕಟ್ಟಿದರೆ ಆ ಎರಡು ಬೆರಳು ಅಂಗೈಗೆ ತಾಗುವುದಿಲ್ಲ. ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ಅರ್ಧ ಗಂಟೆ ಕ್ಲಚ್ ಹಿಡಿದರೆ ರಾತ್ರಿಯೆಲ್ಲ ಕೈ ಸಿಡಿಯುತ್ತಿತ್ತು. ಹದಿನೆಂಟನೇ ವಯಸ್ಸಿನಿಂದ ಬೈಕ್ ಓಡಿಸಿದವನು, ಎರಡು ವರ್ಷ ಬೈಕ್ ಹತ್ತಲಿಲ್ಲ. ಈ ಬೈಕ್ ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಕ್ಕಿದ ಮೇಲೆ ಮತ್ತೆ ಓಡಿಸುತ್ತಿದ್ದೇನೆ. ಹೈವೇಯಲ್ಲಿ ತಾನಾಗಿ ಆರನೇ ಗೇರಿಗೆ ಹೋಗುತ್ತದೆ, ನಂದಿ ಬೆಟ್ಟದ ತಿರುವುಗಳಲ್ಲಿ ಎಸ್ (ಸ್ಪೋರ್ಟ್) ಮೋಡಿಗೆ ಹಾಕಿದರೆ ಕೆಳಗಿನ ಗೇರಿನಲ್ಲೇ ಎಳೆಯುತ್ತದೆ, ಬೇಕಾದರೆ ಹೆಬ್ಬೆರಳಲ್ಲಿ ಗುಂಡಿ ಒತ್ತಿ ನಾನೇ ಗೇರ್ ಇಳಿಸುತ್ತೇನೆ. ಇದು ನನಗೆ ಶೋಕಿ ಅಲ್ಲ. ಇದು ಇಲ್ಲದಿದ್ದರೆ ನಾನು ಬೈಕಿನಲ್ಲೇ ಇರುತ್ತಿರಲಿಲ್ಲ. ನನ್ನಂತೆ ಕೈ ನೋವು, ಮಂಡಿ ನೋವು ಇರುವವರು ಎಷ್ಟೋ ಜನ ಈಗ ಇಂಥ ಬೈಕಿಗೆ ಬರುತ್ತಿದ್ದಾರೆ. ಅವರಿಗೂ ಹೀಗೇ ಹೇಳುತ್ತೀರಾ?

ಈಗ ನನಗೆ ಏನು ಬೇಕು ಅಂತ ಹೇಳುತ್ತೇನೆ. ಕಂಬಿ, ಬಾಕ್ಸಿನ ಬೀಗ, ಫೇರಿಂಗಿನ ಬಣ್ಣ, ಪಾರ್ಕಿಂಗ್ ಬ್ರೇಕ್ ಬಿಚ್ಚಿ ನೋಡಿದ್ದು ಎಲ್ಲ ಸೇರಿ ವರ್ಕ್‌ಶಾಪಿನವರು 18,400 ರೂಪಾಯಿ ಆಗುತ್ತದೆ ಅಂತ ಬರೆದುಕೊಟ್ಟಿದ್ದಾರೆ. ಅದನ್ನು ನೀವು ಕೊಡಬೇಕು, ನನ್ನ ವಿಮೆಯ ಕ್ಲೇಮಿನಿಂದ ಅಲ್ಲ, ಕ್ಲೇಮ್ ಮಾಡದ್ದಕ್ಕೆ ಪ್ರೀಮಿಯಂನಲ್ಲಿ ಸಿಗುವ ನನ್ನ ನೋ ಕ್ಲೇಮ್ ಬೋನಸ್ ರಿಯಾಯಿತಿ ಹಾಗೇ ಇರಬೇಕು. "ಗ್ರಾಹಕರು ನಿರಾಕರಿಸಿದರು" ಅನ್ನುವ ಸಾಲು ತೆಗೆದು, ನಡೆದದ್ದನ್ನು ಬರೆಯಬೇಕು. ಕಡಿದುಕೊಂಡ ಒಂದು ಸೇವೆ ವಾಪಸ್ ಹಾಕಬೇಕು. ಎಲ್ಲಕ್ಕಿಂತ ಮುಖ್ಯ, ಫೋನ್ ಎತ್ತುವವರ ಪರದೆಯಲ್ಲಿ ಆಟೋಮ್ಯಾಟಿಕ್ ಬೈಕಿಗೆ ಅಂತ ಬೇರೆ ಸಾಲು ಬರೆಸಿ: ತಳ್ಳಿಸಬೇಡಿ, ಜಂಪ್‌ಸ್ಟಾರ್ಟ್ ಕಿಟ್ ಕಳಿಸಿ, ಏರಿಸುವಾಗ ಪಾರ್ಕಿಂಗ್ ಬ್ರೇಕ್ ಬಿಡಿಸಿ, ಏರಿಸಿದ ಮೇಲೆ ಬ್ರೇಕ್ ಹಾಕಿ ಬೆಲ್ಟ್ ಕಟ್ಟಿ, ಗೇರಿನಲ್ಲಿ ನಿಲ್ಲುತ್ತದೆ ಅಂತ ನಂಬಬೇಡಿ. ಕೊಕ್ಕೆ ಹಾಕುವುದು ಗಟ್ಟಿ ಜಾಗಕ್ಕೆ, ಬಾಕ್ಸಿನ ಕಂಬಿಗಲ್ಲ. ಅರ್ಧ ದಿನ ತರಬೇತಿ ಕೊಟ್ಟರೆ ಆ ಹುಡುಗರು ಕಲಿಯುತ್ತಾರೆ. ಅವರ ಸಂಬಳಕ್ಕೆ ಕೈ ಹಾಕಬೇಡಿ, ಕಲಿಸದೆ ಕಳಿಸಿದ್ದು ನೀವು. ಬೇಕಾದರೆ ನನ್ನ ಬೈಕನ್ನೇ ತಂದು ನಿಲ್ಲಿಸುತ್ತೇನೆ, ಅದರ ಮೇಲೇ ತೋರಿಸಿ.

ಒಂದು ತಿಂಗಳು ಕಾಯುತ್ತೇನೆ. ಉತ್ತರ ಬರದಿದ್ದರೆ ವಿಮಾ ನಿಯಂತ್ರಣ ಪ್ರಾಧಿಕಾರದ ದೂರು ಪೋರ್ಟಲ್ ಬಿಮಾ ಭರೋಸಾದಲ್ಲಿ ದೂರು ಹಾಕಿ, ವಿಮಾ ಒಂಬುಡ್ಸ್‌ಮನ್ ಬಳಿ ಹೋಗುತ್ತೇನೆ. ಅದರಲ್ಲಿ ಆಗದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇದೆ, ನಮ್ಮ ಜಿಲ್ಲೆಯ ಗ್ರಾಹಕ ಆಯೋಗ ಮನೆಯಿಂದ ದೂರ ಇಲ್ಲ.

ಮಗಳ ವಿಡಿಯೋ, ನಿಮ್ಮ ಮೆಸೇಜಿನ ಫೋಟೋ, ನಾನು ಮಾಡಿದ ಫೋನ್ ಕರೆಗಳ ಪಟ್ಟಿ, ವರ್ಕ್‌ಶಾಪಿನ ಎಸ್ಟಿಮೇಟ್ ಈ ಪತ್ರದ ಜೊತೆಗಿವೆ. ಬೈಕನ್ನು ನೋಡಬೇಕಿದ್ದರೆ ಯಾವತ್ತಾದರೂ ಬನ್ನಿ, ಕಂಬಿ ಹೊಸದು ಬರುವವರೆಗೂ ಹಾಗೇ ಇಟ್ಟಿದ್ದೇನೆ. ಫೋನ್ ಮಾಡುವುದಾದರೆ ಸಂಜೆ ಐದರ ಮೇಲೆ ಮಾಡಿ, ಬೆಳಗ್ಗೆ ತೋಟದಲ್ಲಿರುತ್ತೇನೆ. ಕನ್ನಡ ಬಲ್ಲವರಿಂದ ಮಾಡಿಸಿ.

ಇಂತಿ,
ನಿಮ್ಮ ಪಾಲಿಸಿದಾರ
ಚಿಕ್ಕಬಳ್ಳಾಪುರ